ದೊಡ್ಡ ಹಡಗೋ, ಸಣ್ಣ ಹಡಗೋ

ಭಾನುವಾರ, ನವೆಂಬರ್ 9, 2025
ಬಾಥೆಲ್

ಗಡಿಯಾರ ಹಿಂದಕ್ಕೆ ತಿರುಗಿಸಿ ಒಂದು ವಾರವಾಯಿತು. ನಾಲ್ಕೂವರೆಗೇ ಕತ್ತಲು. ಬೆಳಿಗ್ಗೆಯಿಂದ ಮಳೆ ಬಿಟ್ಟಿಲ್ಲ. ಮಧ್ಯಾಹ್ನ ಇವರು ಒಂದು ಮಾತು ಹೇಳಿದರು. ಅದು ಇನ್ನೂ ತಲೆಯಿಂದ ಇಳಿದಿಲ್ಲ. ಬರೆದರೆ ಸ್ವಲ್ಪ ಹಗುರಾದೀತು ಅಂತ ಕೂತಿದ್ದೇನೆ.

ಬರುವ ಮೇ ತಿಂಗಳಿಗೆ ಮದುವೆಯಾಗಿ 25 ವರ್ಷ. ಅಲಾಸ್ಕಾಕ್ಕೆ ಹೋಗೋಣ ಅಂತ ಬೇಸಿಗೆಯಲ್ಲೇ ಮಾತಾಗಿತ್ತು. ಪುಟ್ಟಿ ಕಾಲೇಜಿಗೆ ಹೋದ ಮೇಲೆ ನಾವಿಬ್ಬರೇ ಹೋಗುವ ಮೊದಲ ಪ್ರವಾಸ. ಎಲ್ಲಿಗೆ ಅನ್ನುವುದಕ್ಕೆ ಚರ್ಚೆಯೇ ಆಗಲಿಲ್ಲ. ಯಾವ ಹಡಗು ಅನ್ನುವುದರಲ್ಲಿ ಎರಡು ತಿಂಗಳಿಂದ ಸಿಕ್ಕಿಹಾಕಿಕೊಂಡಿದ್ದೇವೆ.

ದೊಡ್ಡದಾದರೆ ಇಲ್ಲೇ ಸಿಯಾಟಲ್‌ನಲ್ಲಿ ಹತ್ತಬಹುದು. 2018ರ ಬೇಸಿಗೆಯಲ್ಲಿ ನಾರ್ವೇಜಿಯನ್ ಬ್ಲಿಸ್ ಹೊಸದಾಗಿ ಬಂದಾಗ ಪುಟ್ಟಿಯನ್ನು ಕರೆದುಕೊಂಡು ಪಿಯರ್ 66ಕ್ಕೆ ಹೋಗಿದ್ದೆವಲ್ಲ, ಅಂಥದ್ದು. ಅವಳು ಮಹಡಿ ಎಣಿಸುತ್ತಾ ಲೆಕ್ಕ ತಪ್ಪಿ, ಮತ್ತೆ ಮೊದಲಿಂದ ಶುರು ಮಾಡಿದ್ದಳು. ಕೋಣೆಗೆ ಇಬ್ಬರ ಲೆಕ್ಕ ಹಿಡಿದರೂ 4,000 ಜನ. ಮೇಲುಗಡೆ ರೇಸ್ ಕಾರು ಓಡಿಸುವ ಟ್ರ್ಯಾಕ್ ಬೇರೆ.

ಸಣ್ಣದು ಅಂದರೆ ನ್ಯಾಷನಲ್ ಜಿಯಾಗ್ರಫಿಕ್ ಕ್ವೆಸ್ಟ್. 50 ಕೋಣೆ, 100 ಜನ, ಅಷ್ಟೇ. ಅದನ್ನು ಕಟ್ಟಿದ್ದು ಇಲ್ಲೇ ವಿಡ್ಬಿ ದ್ವೀಪದಲ್ಲಿ. ಮುಕಿಲ್ಟಿಯೊದಲ್ಲಿ ಫೆರ್ರಿ ಹತ್ತಿದರೆ 20 ನಿಮಿಷದ ದಾರಿ. ಎಷ್ಟೋ ಭಾನುವಾರ ಬುತ್ತಿ ಕಟ್ಟಿಕೊಂಡು ಹೋದ ಊರಲ್ಲಿ ಕಟ್ಟಿದ ಹಡಗು ಅಂತ ಗೊತ್ತಾದಾಗಿನಿಂದ ನನಗೆ ಅದರ ಮೇಲೇ ಮನಸ್ಸು. ಅದಕ್ಕೆ ಜೂನೋವರೆಗೆ ವಿಮಾನದಲ್ಲಿ ಹೋಗಬೇಕು. ರಾಜ್ಯದ ರಾಜಧಾನಿ, ಆದರೂ ಜೂನೋಗೆ ಹೊರಗಿನಿಂದ ರಸ್ತೆಯೇ ಇಲ್ಲ. ನೀರು, ಇಲ್ಲವೇ ಆಕಾಶ. ದುಡ್ಡೂ ಹಲವು ಪಟ್ಟು ಜಾಸ್ತಿ. ಸಣ್ಣ ಹಡಗಿನಲ್ಲಿ ದಿನದ ಸುತ್ತಾಟ ಟಿಕೆಟ್‌ನಲ್ಲೇ ಬರುತ್ತದೆ, ದೊಡ್ಡದರಲ್ಲಿ ಪ್ರತಿಯೊಂದಕ್ಕೂ ಬೇರೆ ಕಟ್ಟಬೇಕು. ಆದರೂ ಲೆಕ್ಕ ಸಮ ಆಗುವುದಿಲ್ಲ. ಅದು ನನಗೂ ಗೊತ್ತು.

ಮೊದಮೊದಲು ನನ್ನ ಚಿಂತೆ ವಾಂತಿಯದು. ಸಾಗರದಿಂದ ಹೊನ್ನಾವರಕ್ಕೆ ಘಾಟಿ ಇಳಿಯುವಾಗಲೇ ಕಿಟಕಿ ಪಕ್ಕ ಜಾಗ ಬೇಕಿತ್ತು ನನಗೆ. ಸಣ್ಣ ಹಡಗು ಜಾಸ್ತಿ ಅಲ್ಲಾಡುತ್ತದೆ, ಅಲ್ವಾ? ತೆರೆದ ಸಮುದ್ರದಲ್ಲಿ ಹೌದು. ಆದರೆ ದಾರಿ ನೋಡಿದರೆ ಬೇರೆಯೇ ಇದೆ. ಸಿಯಾಟಲ್‌ನಿಂದ ಹೊರಡುವ ದೊಡ್ಡ ಹಡಗುಗಳು ಸಾಮಾನ್ಯವಾಗಿ ವ್ಯಾಂಕೂವರ್ ದ್ವೀಪದ ಹೊರಬದಿಯಿಂದ, ನೇರ ಪೆಸಿಫಿಕ್‌ನಲ್ಲೇ ಸಾಗುತ್ತವೆ. ಅಲೆಗೆ ಅಡ್ಡವಾಗಿ ಅಲ್ಲಿ ಏನೂ ಇಲ್ಲ. ಆ ಹಡಗುಗಳು ತಮ್ಮ ಹೊಟ್ಟೆಯ ಎರಡೂ ಬದಿಗೆ ರೆಕ್ಕೆ ಚಾಚಿಕೊಂಡು ಓಲಾಟ ಕಡಿಮೆ ಮಾಡಿಕೊಳ್ಳುತ್ತವೆ, ಅಷ್ಟೇ. ಕ್ವೆಸ್ಟ್ ತಿರುಗುವುದು ಹೆಚ್ಚಾಗಿ ದ್ವೀಪಗಳ ಸಂದಿಯಲ್ಲಿ. ಸುತ್ತ ಬೆಟ್ಟ, ಮಧ್ಯೆ ಶಾಂತವಾದ ನೀರು. ಯಾವ ಹಡಗು ಅನ್ನುವುದಕ್ಕಿಂತ ಯಾವ ನೀರು ಅನ್ನುವುದು ಮುಖ್ಯ ಅಂತ ಗೊತ್ತಾದ ಮೇಲೆ ಆ ಹೆದರಿಕೆ ಹೋಯಿತು.

ದೊಡ್ಡ ಹಡಗು ಕೆನಡಾದ ವಿಕ್ಟೋರಿಯಾದಲ್ಲಿ ಸಂಜೆ ಕೆಲವೇ ಗಂಟೆ ನಿಲ್ಲುತ್ತದೆ. ಯಾಕೆ ಅಂತ ಹುಡುಕಿದೆ. 1886ರ ಒಂದು ಕಾನೂನು. ಪರದೇಶದ ಬಾವುಟದ ಹಡಗು ಅಮೆರಿಕದಲ್ಲಿ ಜನ ಹತ್ತಿಸಿಕೊಂಡು ಮತ್ತೆ ಅಮೆರಿಕದಲ್ಲೇ ಇಳಿಸುವುದಾದರೆ ಮಧ್ಯೆ ಬೇರೆ ದೇಶ ಮುಟ್ಟಿ ಬರಲೇಬೇಕು. ಅತ್ತೆ ಬರುವುದಾಗಿದ್ದರೆ ಆ ಕೆಲವು ಗಂಟೆಗೆ ಕೆನಡಾ ವೀಸಾವನ್ನೂ ಮಾಡಿಸಬೇಕಿತ್ತು.

ಸರಿ, ಇದೆಲ್ಲ ಹೇಳಬೇಕಾದ್ದಲ್ಲ.

ಊಟ ಆದ ಮೇಲೆ ಲ್ಯಾಪ್‌ಟಾಪ್ ತೆಗೆದು, ‘ಬುಧವಾರದೊಳಗೆ ಮುಂಗಡ ಕಟ್ಟಬೇಕು, ಸಣ್ಣದನ್ನೇ ಹಿಡಿಯೋಣ್ವಾ?’ ಅಂದೆ. ಇವರು ಅಡಿಕೆ ಕತ್ತರಿಸುತ್ತಾ ಕೂತಿದ್ದರು. ತಲೆ ಎತ್ತಲಿಲ್ಲ.

‘ದೊಡ್ಡದೇ ಇರಲಿ.’

‘ದುಡ್ಡಿಗಾಗಿ ಹೇಳ್ತಿದೀರಾ?’

‘ಅಲ್ಲ.’

‘ಮತ್ತೆ? ನಿಮಗೆ ಗದ್ದಲ ಆಗಲ್ಲ ಅಂತಾನೇ ನಾನು ಸಣ್ಣದು ಹುಡುಕಿದ್ದು.’

ಸ್ವಲ್ಪ ಹೊತ್ತು ಅಡಕತ್ತರಿಯ ಶಬ್ದ ಒಂದೇ. ಆಮೇಲೆ ಹೇಳಿದರು. ‘ಅಲ್ಲಿ ಊಟದ ಮೇಜು ಹೇಗಿದೆ ನೋಡ್ದೆಯಾ? ಎಲ್ಲರೂ ಒಂದೇ ಹೊತ್ತಿಗೆ, ಆರು ಎಂಟು ಜನ ಒಟ್ಟಿಗೆ. ದಿನಾ ಹೊಸಬರು. ಅವರು ಕೇಳ್ತಾರೆ, ನಾನು ಏನಂದ್ರಿ ಅಂತೀನಿ. ಎರಡು ಸಲ ಕೇಳಬಹುದು. ಮೂರನೇ ಸಲ ಸುಮ್ನೆ ನಗಬೇಕು ಮಾರಾಯ್ತಿ. ದೊಡ್ಡ ಹಡಗಿನಲ್ಲಿ ಇಬ್ಬರದೇ ಮೇಜು ಕೊಡ್ತಾರೆ. ನಾಲ್ಕು ಸಾವಿರ ಜನ ಇದ್ರೆ ಯಾರೂ ನನ್ನ ಮಾತಾಡಿಸಲ್ಲ.’

ನನಗೆ ಮಾತೇ ಹೊರಡಲಿಲ್ಲ.

ಬಲಕಿವಿಗೆ ಮಷೀನು ಹಾಕಿ ಒಂದು ವರ್ಷವಾಯಿತು. ಮೊನ್ನೆ ಎಡಕ್ಕೂ ಬಂತು. ತೆಳು ಶಬ್ದಗಳೇ ಮೊದಲು ಹೋಗುವುದಂತೆ. ಸ, ಶ, ತ. ಹಕ್ಕಿ ದನಿ. ದಪ್ಪ ಶಬ್ದ ಉಳಿದಿರುತ್ತದೆ. ಹಾಗಾಗಿ ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ಗದ್ದಲದ ಕೋಣೆಯಲ್ಲಂತೂ ಮಷೀನು ಮಾತಿನ ಜೊತೆಗೆ ಚಮಚ, ತಟ್ಟೆ, ಕುರ್ಚಿ ಎಲ್ಲವನ್ನೂ ಜೋರು ಮಾಡಿ ಕೊಡುತ್ತದೆ. ಇದನ್ನೆಲ್ಲ ಡಾಕ್ಟರ ಹತ್ತಿರ ಕೂತು ನಾನೇ ಕೇಳಿಸಿಕೊಂಡಿದ್ದೇನೆ, ಬರೆದುಕೊಂಡಿದ್ದೇನೆ. ಆದರೂ ಹಡಗು ಹುಡುಕುವಾಗ ಕಡಿಮೆ ಜನ ಅಂದರೆ ಇವರಿಗೆ ಆರಾಮ ಅಂತಲೇ ಅಂದುಕೊಂಡೆ. ಕಡಿಮೆ ಜನ ಇದ್ದಲ್ಲಿ ಎಲ್ಲರೂ ಎಲ್ಲರನ್ನೂ ಮಾತಾಡಿಸುತ್ತಾರೆ ಅನ್ನುವುದು ಹೊಳೆಯಲೇ ಇಲ್ಲ.

ದೀಪಾವಳಿಗೆ ಮೇಲಿನ ಬೀದಿಯವರ ಮನೆಗೆ ಹೋದಾಗ ಇವರು ಇಡೀ ಸಂಜೆ ಮಕ್ಕಳಿಗೆ ಸುರುಸುರುಬತ್ತಿ ಹಚ್ಚಿಕೊಡುತ್ತಾ ಹಿತ್ತಲಲ್ಲೇ ಇದ್ದರು. ಮಕ್ಕಳ ಜೊತೆ ಎಷ್ಟು ಖುಷಿಯಾಗಿದ್ದಾರೆ ಅಂತ ಫೋಟೋ ಬೇರೆ ತೆಗೆದಿದ್ದೆ. ಇವತ್ತು ಆ ಫೋಟೋ ಮತ್ತೆ ತೆಗೆದು ನೋಡಿದೆ. ಒಳಗೆ ಬರದೆ ಇರಲು ಒಂದು ಕೆಲಸ ಹುಡುಕಿಕೊಂಡಿದ್ದರು, ಅಷ್ಟೇ.

ಅಷ್ಟರಲ್ಲಿ ಸಾಗರದಿಂದ ಅಕ್ಕನ ಫೋನು. ಅವಳಿಗೆ ಆಗಲೇ ಸೋಮವಾರ ಬೆಳಗು. ಸಿಗಂದೂರಿಗೆ ಹೋಗಿ ಬಂದಳಂತೆ, ಶರಾವತಿ ಹಿನ್ನೀರಿನ ಹೊಸ ಸೇತುವೆ ಮೇಲೆ. ಜುಲೈನಲ್ಲಿ ಸೇತುವೆ ಆದಾಗಿನಿಂದ ಇದು ಮೂರನೇ ಸಲ. ‘ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಆಚೆ ದಡ ಕಣೇ’ ಅಂದಳು. ಆ ಕಡೆ ಊರಿನವರು ಆಸ್ಪತ್ರೆಗೆ ಅಂತ ರಾತ್ರಿ ಹೊತ್ತು ಎಷ್ಟು ಕಷ್ಟಪಟ್ಟಿದ್ದಾರೆ! ಸೇತುವೆ ಆಗಿದ್ದು ತುಂಬಾ ಒಳ್ಳೆಯದಾಯಿತು. ಆದರೆ ನನಗೆ ನೆನಪಾಗಿದ್ದು ಮೊದಲು ಹಿನ್ನೀರು ದಾಟಿಸುತ್ತಿದ್ದ ಲಾಂಚ್.

ಮದುವೆಯಾದ ವಾರಕ್ಕೆ ಚೌಡೇಶ್ವರಿ ಅಮ್ಮನಿಗೆ ಹಣ್ಣುಕಾಯಿ ಮಾಡಿಸಲು ಹೋಗಿದ್ದೆವು. ಹೊಳೆಬಾಗಿಲಿನಲ್ಲಿ ಲಾಂಚ್ ಹತ್ತಿದ್ದು. ಜೀಪು, ಬೈಕು, ಜನ ಎಲ್ಲ ಒಟ್ಟಿಗೆ. ಇಂಜಿನ್ ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿರಲಿಲ್ಲ. ಅದು ನನಗೆ ದೊಡ್ಡ ಉಪಕಾರವಾಗಿತ್ತು. ಗುರುತಾಗಿ ಇನ್ನೂ ಹದಿನೈದು ದಿನ ಆಗಿರದ ಮನುಷ್ಯನ ಹತ್ತಿರ ಏನು ಮಾತಾಡುವುದು? ಇವರು ನೀರಿನ ಕಡೆ ಬೆರಳು ತೋರಿಸಿದರು. ಹಿನ್ನೀರು ಇಳಿದು ಮುಳುಗಡೆಯ ಹಳೇ ಮರದ ಬೊಡ್ಡೆಗಳು ಮೇಲೆ ಕಾಣುತ್ತಿದ್ದವು. ನಾನು ತಲೆ ಆಡಿಸಿದೆ. ಆಚೆ ದಡ ಮುಟ್ಟುವವರೆಗೂ ಹೀಗೇ, ಬೆರಳು ತೋರಿಸುವುದು, ತಲೆ ಆಡಿಸುವುದು.

ಪುಟ್ಟಿಗೆ ಮೆಸೇಜ್ ಮಾಡಬೇಕು. ಗುರುವಾರದಿಂದ ಅವಳಿಗೆ ಜ್ವರ. ಇವತ್ತು ಕಡಿಮೆ ಅಂದಳು, ದನಿ ಕೇಳಿದರೆ ಹಾಗನ್ನಿಸಲಿಲ್ಲ.

ಈಗ ರಾತ್ರಿ ಹತ್ತೂವರೆ. ಇವರು ಮಷೀನು ಎರಡೂ ತೆಗೆದು ಡಬ್ಬಿಯಲ್ಲಿಟ್ಟು ಮಲಗಿದ್ದಾರೆ. ನಾನು ಮತ್ತೆ ಅಲಾಸ್ಕಾದ ಗ್ಲೇಸಿಯರ್ ಬೇ ಅನ್ನುವ ಕೊಲ್ಲಿಯ ಬಗ್ಗೆ ಓದುತ್ತಾ ಕೂತೆ. ಅಲ್ಲಿಗೆ ದಿನಕ್ಕೆ ಎರಡೇ ದೊಡ್ಡ ಹಡಗು ಬಿಡುತ್ತಾರೆ. ಅದರಲ್ಲಿ ಬಂದವರು ಅಲ್ಲಿ ದಡಕ್ಕೆ ಇಳಿಯುವಂತಿಲ್ಲ, ಮೇಲಿನಿಂದಲೇ ನೋಡಬೇಕು. ಮಾರ್ಜರಿ ಅನ್ನುವ ಹಿಮನದಿ ಒಂದು ಮೈಲಿ ಅಗಲ, ನೀರಿನಿಂದ ಮೇಲಕ್ಕೇ ಸುಮಾರು 250 ಅಡಿ. ಅದರ ಮುಂದೆ ತೇಲುವ ಮಂಜಿನ ಚೂರುಗಳು ಕರಗುವಾಗ ಒಳಗೆ ಸಿಕ್ಕಿಕೊಂಡ ಹಳೇ ಗಾಳಿ ಚಿಟಿಚಿಟಿ ಅಂತ ಹೊರಗೆ ಬರುತ್ತದಂತೆ. ಸಾಸಿವೆ ಸಿಡಿದ ಹಾಗೆ ಇರಬೇಕು. ಅದು ಇವರಿಗೆ ಕೇಳಿಸಲಿಕ್ಕಿಲ್ಲ. ಆದರೆ ದೊಡ್ಡ ಮಂಜುಗಡ್ಡೆ ಕಳಚಿ ನೀರಿಗೆ ಬೀಳುವಾಗ ಗುಡುಗಿನ ಸದ್ದು. ಅಲ್ಲಿನ ಟ್ಲಿಂಗಿಟ್ ಜನ ಅದಕ್ಕೆ ಬಿಳಿ ಗುಡುಗು ಅನ್ನುತ್ತಾರಂತೆ. ಗುಡುಗು ಇವರಿಗೆ ಚೆನ್ನಾಗಿ ಕೇಳುತ್ತದೆ. ಮಷೀನು ಇಲ್ಲದೆಯೂ.

ಸಣ್ಣ ಹಡಗಿನವರಿಗೆ ಪತ್ರ ಬರೆದು ಕೇಳಬಹುದೇನೋ, ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂರುವ ಜಾಗ ಇದೆಯಾ, ಎಡಗಡೆ ನಾನೇ ಕೂತರೆ ಆಗುತ್ತದಾ ಅಂತ. ಇಲ್ಲ, ಮೊದಲು ಇವರನ್ನು ಕೇಳಬೇಕು. ಇವರ ಪರವಾಗಿ ನಾನೇ ಪತ್ರ ಬರೆದರೆ ಮತ್ತೆ ಅದೇ ಆಯಿತಲ್ಲ. ಅಥವಾ ದೊಡ್ಡದರಲ್ಲೇ ಇಬ್ಬರ ಮೇಜು ಹಿಡಿದು, ಜೂನೋದಲ್ಲಿ ಇಳಿದ ದಿನ ಒಂದು ಸಣ್ಣ ದೋಣಿ ಮಾಡಿಕೊಂಡು