ಆಲೂಗಡ್ಡೆಯ ಠಸ್ಸೆ

ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಸಿಟ್ಟು ಇಳಿಯುವುದಿಲ್ಲ. ನೇಪಾಳದ ಜನಕಪುರಕ್ಕೆ ಹೋಗುವುದಾದರೆ ನೂರರ ನೋಟಿನ ಕಟ್ಟು ಒಯ್ಯಿರಿ. ನಾನು ಹೋದದ್ದು 2022ರ ನವೆಂಬರ್‌ನಲ್ಲಿ. ನೂರಕ್ಕಿಂತ ದೊಡ್ಡ ಭಾರತದ ನೋಟು ಆಗ ನೇಪಾಳದಲ್ಲಿ ನಡೆಯುತ್ತಿರಲಿಲ್ಲ. ನನ್ನ ಪರ್ಸಿನ ತುಂಬ ಐನೂರರ ನೋಟು! ನಮ್ಮ 100ಕ್ಕೆ ಅವರ 160 ಎಂಬುದು ಗಟ್ಟಿ ಲೆಕ್ಕ, ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಆದರೂ ಒಬ್ಬ ಪಾನ್ ಅಂಗಡಿಯವನು ನನ್ನ ಐನೂರನ್ನು ಬೆಳಕಿಗೆ ಹಿಡಿದು ನೋಡಿ, ಮುಖ ಸಿಂಡರಿಸಿ, 650 ಕೊಟ್ಟ. 800 ಬರಬೇಕಿತ್ತು. "ಇದನ್ನು ಆ ಕಡೆ ದಾಟಿಸುವ ಕಷ್ಟ ನನ್ನದಲ್ವಾ ದೀದಿ" ಎಂದ, ನಗುತ್ತಾ.

ನಾನು ಅಲ್ಲಿಗೆ ಹೋಗುವುದಕ್ಕೆ ಕಾರಣ ನಮ್ಮ ಬೆಂಗಳೂರಿನ ಅಪಾರ್ಟ್‌ಮೆಂಟಿನ ವಾಚ್‌ಮನ್. ನಾಲ್ಕು ವರ್ಷ ಅವನನ್ನು ಎಲ್ಲರೂ ಬಿಹಾರಿ ಅಂತಲೇ ಅಂದುಕೊಂಡಿದ್ದೆವು. ನೇಪಾಳಿ ಅಂದರೆ ಗುಡ್ಡದ ಕಡೆಯವರು, ಸಣ್ಣ ಕಣ್ಣಿನವರು ಎಂಬ ಲೆಕ್ಕ ನಮ್ಮದು. ಅವನು ನೇಪಾಳದ ಬಯಲಿನವನು, ಜನಕಪುರ ಇರುವ ಧನುಷಾ ಜಿಲ್ಲೆಯವನು, ಮನೆಮಾತು ಬಿಹಾರದಲ್ಲೂ ಆಡುವ ಮೈಥಿಲಿ. ಕಠ್ಮಂಡುವಿಗೆ ಹೋದರೆ ಅವನಂಥವರನ್ನು "ಧೋತಿ" ಎಂದು ಹೀಯಾಳಿಸುತ್ತಾರಂತೆ, ಭಾರತದವರು ಎಂಬ ಅರ್ಥದಲ್ಲಿ. ಇಲ್ಲಿ ನಾವು ಬಿಹಾರಿ ಅನ್ನುತ್ತೇವೆ. ನವೆಂಬರ್ 20ಕ್ಕೆ ಅವನ ದೇಶದಲ್ಲಿ ಚುನಾವಣೆ. ಹೊರದೇಶದಲ್ಲಿ ದುಡಿಯುವವರಿಗೆ ಅಲ್ಲಿ ಅಂಚೆ ಮತ ಇಲ್ಲ, ಊರಿಗೇ ಬಂದು ಹಾಕಬೇಕು. ಮೂರು ವಾರ ರಜೆ ಕೇಳಲು ಬಂದವನು, "ಮೇಡಂ, ಸೀತಾಮಾತೆಯ ಊರು, ನೀವೂ ಬನ್ನಿ" ಎಂದ. ಸುಮ್ನೆ ಹೇಳಿದ್ದ. ನಾನು ನಿಜವಾಗಿಯೂ ಹೊರಟೆ.

ಜಯನಗರದವರೆಗಿನ ರೈಲು ಪ್ರಯಾಣದ ಕತೆ ಬೇಡ. ಬೆಂಗಳೂರಿನ ಜಯನಗರ ಅಲ್ಲ, ಬಿಹಾರದ ಮಧುಬನಿ ಜಿಲ್ಲೆಯ ಜಯನಗರ. ಫೋರ್ತ್ ಬ್ಲಾಕ್ ಇಲ್ಲ, ಸೊಳ್ಳೆ ಮಾತ್ರ ನಮ್ಮಷ್ಟೇ ಇವೆ. ಅಲ್ಲಿಂದ ಗಡಿ ದಾಟುವ ಪುಟ್ಟ ರೈಲು ಹತ್ತಿದೆ ನೋಡಿ, ಅಲ್ಲಿ ನನಗೆ ಮೊದಲ ಖುಷಿ. 1937ರಿಂದ 2014ರವರೆಗೆ ಇಲ್ಲಿ ನ್ಯಾರೋ ಗೇಜ್ ರೈಲು ಓಡುತ್ತಿತ್ತು. ಆಮೇಲೆ ಬ್ರಾಡ್ ಗೇಜ್ ಮಾಡಿ, 2022ರ ಏಪ್ರಿಲ್ 2ರಂದು ಮತ್ತೆ ಶುರುಮಾಡಿದರು. ಜಯನಗರದಿಂದ ಜನಕಪುರ ದಾಟಿ ಕುರ್ಥಾದವರೆಗೆ 35 ಕಿಲೋಮೀಟರ್. ಈ ಗಾಡಿಗಳನ್ನು ನೇಪಾಳಕ್ಕೆ ಕೊಟ್ಟದ್ದು ನಮ್ಮ ಕೊಂಕಣ ರೈಲ್ವೆ! ನಾನು ಕುಮಟಾದವಳು. ಮಳೆಗಾಲದಲ್ಲಿ ಆ ಹಳಿಯ ಪಕ್ಕ ನಿಂತು ಗಾಡಿ ಕಾದವಳಿಗೆ, ಹಿಮಾಲಯದ ಬುಡದಲ್ಲಿ ಅದೇ ಹೆಸರು ಕೇಳಿ ನೆಂಟರು ಸಿಕ್ಕ ಹಾಗಾಯಿತು.

ಜನಕಪುರದಲ್ಲಿ ಮೂರು ದಿನ ಇದ್ದೆ. ಜಾನಕಿ ಮಂದಿರವನ್ನು ಟೀಕಮ್‌ಗಢದ ರಾಣಿ ಕಟ್ಟಿಸಿದ್ದು, 1910ರ ಸುಮಾರಿಗೆ. ಒಂಬತ್ತು ಲಕ್ಷ ಖರ್ಚಾಯಿತಂತೆ, ಅದಕ್ಕೇ ನೌಲಖಾ ಮಂದಿರ ಎಂಬ ಹೆಸರು. ನನಗೆ ಅಷ್ಟೇನೂ ಹಿಡಿಸಲಿಲ್ಲ. ರಾತ್ರಿ ಬಣ್ಣದ ದೀಪ ಹಾಕಿದಾಗ ಮದುವೆ ಛತ್ರದ ಹಾಗೆ ಕಾಣುತ್ತದೆ. ಕೆರೆಗಳು ಮಾತ್ರ ಚೆಂದ. "ಪಗ್ ಪಗ್ ಪೋಖರಿ, ಮಾಛ್, ಮಖಾನ್" ಎಂದು ಅಲ್ಲಿಯವರು ಹೇಳುತ್ತಾರೆ. ಹೆಜ್ಜೆಹೆಜ್ಜೆಗೂ ಕೆರೆ, ಮೀನು, ಮಖಾನಾ (ಕೆರೆಯಲ್ಲಿ ಬೆಳೆಯುವ ಗಿಡದ ಬೀಜದ ಅರಳು).

16ರಂದು ವಾಚ್‌ಮನ್‌ನ ಹಳ್ಳಿಗೆ ಹೋದೆ. ಖಜುರಿ ಸ್ಟೇಷನ್ನಿನಲ್ಲಿ ಇಳಿದು ಆಟೋದಲ್ಲಿ ಹೋಗಬೇಕು. ಹಳ್ಳಿಯ ಹೆಸರು ಬರೆಯುವುದಿಲ್ಲ, ಕಾರಣ ಮುಂದೆ ಗೊತ್ತಾಗುತ್ತದೆ. ಹೊಲ ಮುಗಿದಲ್ಲಿ ಗಡಿ. ಬೇಲಿ ಇಲ್ಲ, ಗೋಡೆ ಇಲ್ಲ. ಕಂಬಗಳು, ಕಂಬದ ಆಚೀಚೆ ಹತ್ತತ್ತು ಗಜ ಖಾಲಿ ಜಾಗ. ಅದಕ್ಕೆ ದಸ್‌ಗಜಾ ಅನ್ನುತ್ತಾರೆ. ಖಾಲಿ ಅಂತ ಹೆಸರಿಗಷ್ಟೇ. ನಾನು ನೋಡುವಾಗ ಅಲ್ಲಿ ಎಮ್ಮೆ ಮೇಯುತ್ತಿದ್ದವು, ಒಬ್ಬಳು ಬೆರಣಿ ಒಣಗಿಸಿದ್ದಳು. ಮನೆಯ ಪಡಸಾಲೆಯಲ್ಲಿ ನನ್ನ ಫೋನಿಗೆ ನೇಪಾಳದ ಸಮಯ, ಹಿತ್ತಲಿಗೆ ಹೋದರೆ ಭಾರತದ ಟವರ್ ಹಿಡಿದು 15 ನಿಮಿಷ ಹಿಂದಕ್ಕೆ!

ಈ ಹಳ್ಳಿಯಲ್ಲಿ ಅರ್ಧಕ್ಕರ್ಧ ಸೊಸೆಯಂದಿರು ಆ ಕಡೆಯವರು. ಇಲ್ಲಿಯ ಹೆಣ್ಣುಮಕ್ಕಳು ಆ ಕಡೆಗೆ. ರೋಟಿ-ಬೇಟಿಯ ಸಂಬಂಧ ಅನ್ನುತ್ತಾರೆ. ನಾವು ಕೊಟ್ಟು ತಂದ ಸಂಬಂಧ ಅನ್ನುತ್ತೇವಲ್ಲ, ಅದೇ. ಹಾಗಾಗಿ ಚುನಾವಣೆ ಯಾವ ದೇಶದ್ದಾದರೂ ಬೀಗರು ಸುಮ್ಮನಿರುವುದಿಲ್ಲ. 2021ರಲ್ಲಿ ಬಿಹಾರದ ಪಂಚಾಯ್ತಿ ಚುನಾವಣೆ ನಡೆದಾಗ ಈ ಮನೆಯವರು ಆ ಕಡೆ ಹೋಗಿ ವಾರಗಟ್ಟಲೆ ಅನ್ನ ಬೇಯಿಸಿ ಹಾಕಿದ್ದರಂತೆ. ಈಗ ಆ ಕಡೆಯವರ ಸರದಿ. ಬಾಡಿಗೆ ಜೀಪು, ಧ್ವನಿವರ್ಧಕ ಎಲ್ಲ ರಸ್ತೆಗೆ. ಒಳಗಿನ ಅಂಗಳಕ್ಕೆ ಬಂದು ಮಾತಾಡಬೇಕಾದರೆ ನೆಂಟಸ್ತಿಕೆ ಬೇಕು.

ಆ ಅಂಗಳದಲ್ಲೇ ನಾನು ಆ ಹುಡುಗನನ್ನು ನೋಡಿದ್ದು. ಇಪ್ಪತ್ತೆರಡಿರಬಹುದು. ಪಕ್ಕದ ಮನೆಯವನು. ಸುತ್ತ ಹತ್ತು ಹದಿನೈದು ಹೆಂಗಸರು. ಅವನ ಕೈಯಲ್ಲಿ ಅರ್ಧ ಕತ್ತರಿಸಿದ ಆಲೂಗಡ್ಡೆ, ಅದರಲ್ಲಿ ಚಾಕುವಿನಿಂದ ಸ್ವಸ್ತಿಕ ಕೆತ್ತಿದ್ದ. ನೇಪಾಳದಲ್ಲಿ ಮತಯಂತ್ರ ಇಲ್ಲ, ಕಾಗದದ ಮೇಲೆ ಸ್ವಸ್ತಿಕದ ಠಸ್ಸೆ ಒತ್ತಬೇಕು. ಒಬ್ಬೊಬ್ಬರಿಗೆ ನಾಲ್ಕು ಓಟು. ಕೇಂದ್ರಕ್ಕೆ ಎರಡು, ಪ್ರಾಂತ್ಯಕ್ಕೆ ಎರಡು. ಎರಡರಲ್ಲೂ ಒಂದು ಅಭ್ಯರ್ಥಿಗೆ, ಇನ್ನೊಂದು ಪಕ್ಷಕ್ಕೆ. ಓದು ಬಾರದವರಿಗೆ ತಲೆ ಕೆಡುವುದಿಲ್ವಾ? ಹುಡುಗ ಆಲೂಗಡ್ಡೆಯನ್ನು ಆಲ್ತಾ (ಹೆಂಗಸರು ಕಾಲಿಗೆ ಹಚ್ಚುವ ಕೆಂಪು ಬಣ್ಣ) ಬಟ್ಟಲಲ್ಲಿ ಅದ್ದಿ, ಸೂರ್ಯ, ಮರ, ಕೊಡೆ ಎಲ್ಲ ಬರೆದ ನೋಟ್‌ಬುಕ್ ಹಾಳೆಯ ಮೇಲೆ ಒತ್ತಿ ತೋರಿಸುತ್ತಿದ್ದ.

"ಚೌಕದ ಒಳಗೇ ಒತ್ತಿ ಚಾಚಿ. ಗೆರೆ ಮುಟ್ಟಬಾರದು. ಒತ್ತಿದ ಮೇಲೆ ಊದಿ. ಬಿಸಿ ಚಹಾ ಊದುವ ಹಾಗೆ. ಆಮೇಲೆ ಮಡಚಿ. ಹಸಿ ಮಸಿ ಇನ್ನೊಂದು ಚಿಹ್ನೆಗೆ ಅಂಟಿದರೆ ಓಟು ಹಾಳು."

ಒಬ್ಬ ಅಜ್ಜಿ ಒತ್ತಿದಳು, ಊದಿದಳು, ಎಷ್ಟು ಜೋರಾಗಿ ಅಂದರೆ ಹಾಳೆ ಹಾರಿಹೋಯಿತು. ಎಲ್ಲರೂ ನಕ್ಕರು. ಹುಡುಗ ನಗದೆ ಹಾಳೆ ಎತ್ತಿ ತಂದು, "ಮತ್ತೊಮ್ಮೆ" ಎಂದ. ಮೂರು ಸಲ ಮಾಡಿಸಿದ. ನನ್ನ ಪ್ರೈಮರಿ ಶಾಲೆಯ ಮಾಸ್ತರರೂ ಇಷ್ಟು ತಾಳ್ಮೆಯಿಂದ ಕಲಿಸಲಿಲ್ಲ.

"ನೀನು ಯಾರಿಗೆ ಹಾಕುತ್ತೀಯ?" ಎಂದು ಕೇಳಿಬಿಟ್ಟೆ.

ಅಂಗಳ ಸುಮ್ಮನಾಯಿತು. ಅವನು ಆಲೂಗಡ್ಡೆ ಒರೆಸುತ್ತಾ, "ನನಗೆ ಓಟಿಲ್ಲ ಮೇಡಂ" ಎಂದ.

ಉಳಿದದ್ದನ್ನು ಹೇಳಿದ್ದು ಭೌಜಿ. ವಾಚ್‌ಮನ್‌ನ ಅತ್ತಿಗೆ. ಆ ರಾತ್ರಿ ಬೆರಣಿ ಬೆಂಕಿಯ ಮುಂದೆ ಕೂತು ನಾವಿಬ್ಬರು ಎಷ್ಟು ಹೊತ್ತು ಮಾತಾಡಿದೆವೋ. ನನ್ನ ಹಿಂದಿ ಹರಕು, ಅವಳದು ಮೈಥಿಲಿ ಬೆರೆತದ್ದು. ಆದರೂ ನಡೆಯಿತು.

ಅಲ್ಲಿ ಪೌರತ್ವದ ಕಾಗದದಲ್ಲೇ ಜಾತಿ ಇದೆ ಎಂದಳು. ವಂಶಜ್, ಜನ್ಮಸಿದ್ಧ, ಅಂಗೀಕೃತ. ಅಪ್ಪ ಅಮ್ಮನಿಂದ ಬಂದದ್ದು ವಂಶಜ್. 1990ರ ಏಪ್ರಿಲ್‌ಗೆ ಮೊದಲು ಅಲ್ಲಿ ಹುಟ್ಟಿ ಅಲ್ಲೇ ಇದ್ದವರಿಗೆ 2006ರ ಕಾನೂನಿನಿಂದ ಕೊಟ್ಟದ್ದು ಜನ್ಮಸಿದ್ಧ. ಹುಡುಗನ ಅಪ್ಪನದು ಅದು. ಇಂಥವರ ಮಕ್ಕಳಿಗೆ ವಂಶಜ್ ಕೊಡಬೇಕು ಎಂದು 2015ರ ಸಂವಿಧಾನ ಹೇಳಿತು, ಆದರೆ ಕೊಡುವುದು ಹೇಗೆಂಬ ಕಾನೂನು ಬರಲೇ ಇಲ್ಲ. ಕೊನೆಗೆ ಸಂಸತ್ತು ಎರಡೆರಡು ಸಲ ಮಸೂದೆ ಪಾಸು ಮಾಡಿದರೂ ರಾಷ್ಟ್ರಪತಿ ಬಿದ್ಯಾದೇವಿ ಭಂಡಾರಿ ಸಹಿ ಹಾಕಲಿಲ್ಲ. ಅದು ನಾನು ಹೋಗುವುದಕ್ಕೆ ಬರೀ ಎರಡು ತಿಂಗಳು ಮೊದಲಿನ ಮಾತು. ಹುಡುಗನಿಗೆ ಕಾಗದ ಇಲ್ಲ. ಆದ್ದರಿಂದ ಬ್ಯಾಂಕ್ ಖಾತೆ ಇಲ್ಲ, ಪಾಸ್‌ಪೋರ್ಟ್ ಇಲ್ಲ, ತನ್ನ ಹೆಸರಿನ ಸಿಮ್ ಕಾರ್ಡ್ ಕೂಡ ಇಲ್ಲ.

"ಮತ್ತೆ ಪ್ರಚಾರ ಯಾಕೆ ಮಾಡ್ತಾನೆ?"

"ಆ ಅಭ್ಯರ್ಥಿ ಕಾಗದ ಕೊಡಿಸ್ತೀನಿ ಅಂದಿದ್ದಾನೆ. ಎಲ್ಲರೂ ಅಂದಿದ್ದಾರೆ. ಇವನು ಒಬ್ಬನನ್ನು ಆರಿಸಿಕೊಂಡು ನಂಬಿದ್ದಾನೆ."

ಅವಳದು ಅಂಗೀಕೃತ. ಹದಿನೆಂಟಕ್ಕೆ ಮದುವೆಯಾಗಿ ಬಂದವಳು. ತವರು ಒಂದೂವರೆ ಕೋಸು, ಅಂದರೆ ನಾಲ್ಕೈದು ಕಿಲೋಮೀಟರ್ ದೂರ, ಕಂಬದ ಆ ಕಡೆ. ಭಾರತದ ಪೌರತ್ವ ಬಿಡುತ್ತೇನೆಂದು ಬರೆದುಕೊಟ್ಟು ಇಲ್ಲಿಯದನ್ನು ಪಡೆದಳು. ಸೊಸೆಯಂದಿರನ್ನು ಏಳು ವರ್ಷ ಕಾಯಿಸಬೇಕು ಎಂದು ಕಠ್ಮಂಡುವಿನಲ್ಲಿ ವಾದ ಎದ್ದಾಗ ಇವಳಿಗೆ ಬಹಳ ಉರಿದಿತ್ತು. ಅಂಗೀಕೃತರು ರಾಷ್ಟ್ರಪತಿ, ಪ್ರಧಾನಿ ಆಗುವಂತಿಲ್ಲ ಎಂದು ಸಂವಿಧಾನದಲ್ಲೇ ಬರೆದಿದೆ.

"ನಾನೇನು ಪ್ರಧಾನಿ ಆಗ್ತೀನಾ? ಸಗಣಿ ತಟ್ಟುವವಳು. ಆದರೆ ಆಗಬಾರದು ಅಂತ ಬರೆದಿಟ್ಟದ್ದು ಯಾಕೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಏನೋ ಹೇಳಬೇಕಲ್ಲ ಅಂತ, ಸೀತೆ ಇಲ್ಲಿಂದ ಆ ಕಡೆ ಹೋದಳು, ನೀನು ಆ ಕಡೆಯಿಂದ ಈ ಕಡೆ ಬಂದೆ ಎಂದೆ. ಜನಕಪುರದ ತುಂಬ ಎಲ್ಲ ಪಕ್ಷದವರೂ ಭಾಷಣದಲ್ಲಿ ಅದೇ ಮಾತು ಆಡುತ್ತಿದ್ದರು, ನನ್ನ ಬಾಯಿಗೂ ಅಂಟಿತ್ತು.

ಅವಳು ಬೆಂಕಿ ಕೆದಕಿದಳು. "ಅವಳ ಹತ್ತಿರ ಕಾಗದ ಕೇಳಲಿಲ್ಲ ದೀದಿ. ಬೆಂಕಿಗೆ ಇಳಿ ಅಂದರು." ಸ್ವಲ್ಪ ಹೊತ್ತು ಬಿಟ್ಟು, "ಅದಕ್ಕೇ ವಿವಾಹ ಪಂಚಮಿ ದಿನ ನಾವು ಹೆಣ್ಣುಮಕ್ಕಳ ಮದುವೆ ಮಾಡಲ್ಲ. ರಾಮ ಸೀತೆ ಮದುವೆಯಾದ ದಿನ ಅದು. ಹಬ್ಬ ಮಾಡ್ತೀವಿ, ಮದುವೆ ಮಾಡಲ್ಲ."

ಆಮೇಲೆ ಬ್ಲೌಸಿನ ಕತೆ ಹೇಳಿದಳು. 2020ರ ಮಾರ್ಚ್‌ನಲ್ಲಿ ಕೊರೊನಾಕ್ಕೆ ಗಡಿ ಮುಚ್ಚಿದಾಗ ಅವಳ ಆರು ಬ್ಲೌಸು ಜಯನಗರದ ದರ್ಜಿಯ ಹತ್ತಿರ ಸಿಕ್ಕಿಕೊಂಡವು. ಸೀರೆ ಈ ಕಡೆ, ಬ್ಲೌಸು ಆ ಕಡೆ. ಅಮ್ಮನನ್ನು ನೋಡಲಾಗದೆ ಅತ್ತದ್ದಕ್ಕಿಂತ ಬ್ಲೌಸಿಗೆ ಅತ್ತದ್ದೇ ಜಾಸ್ತಿ ಎಂದು ಮನೆಯವರು ಇವತ್ತಿಗೂ ಆಡಿಕೊಳ್ಳುತ್ತಾರಂತೆ. "ಅಮ್ಮನಿಗೆ ಅತ್ತರೆ ನಿಲ್ಲೋದಿಲ್ಲ ಅಂತ ಗೊತ್ತಿತ್ತು" ಎಂದಳು.

17ರ ಸಂಜೆ ಭೌಜಿಯ ತಮ್ಮ ಬಂದ. ಸೈಕಲ್ಲಿನಲ್ಲಿ ಎರಡು ದೊಡ್ಡ ರೋಹು ಮೀನು. ನೆಂಟರ ಮನೆಗೆ ಬರಿಗೈಯಲ್ಲಿ ಬರುವಂತಿಲ್ಲ, ಸನೇಸ್ ತರಬೇಕು. ಅವನು ಭಾರತದ ಪ್ರಜೆ. ಬಂದದ್ದು ಭಾವನ ಓಟು ಕೇಳುವುದಕ್ಕೆ, ಅದೂ ಪಕ್ಕದ ಮನೆ ಹುಡುಗನ ಅಭ್ಯರ್ಥಿಯ ಎದುರಾಳಿಗೆ! ಅವನ ಹೆಂಡತಿಯ ಚಿಕ್ಕಪ್ಪನಿಗೆ ಆ ಪಕ್ಷದಲ್ಲಿ ನಂಟು. ಹುಡುಗನೂ ಬಂದು ಕೂತ. ಇಬ್ಬರೂ ಒಂದೇ ಚಾಪೆಯಲ್ಲಿ ಕೂತು ಸಾಸಿವೆ ಅರೆದ ಮೀನುಸಾರು ಉಣ್ಣುತ್ತಾ ಜೋರಾಗಿ ವಾದ ಮಾಡಿದರು. ಇಬ್ಬರಿಗೂ ಈ ಚುನಾವಣೆಯಲ್ಲಿ ಓಟಿಲ್ಲ. ಓಟಿದ್ದ ಭೌಜಿ ಮುಳ್ಳು ಬಿಡಿಸಿ ಮಗಳಿಗೆ ಕೊಡುತ್ತಿದ್ದಳು. ಕೊನೆಗೆ ತಮ್ಮನಿಗೆ, "ಮೀನು ನಿನ್ನದು, ಠಸ್ಸೆ ನಂದು" ಎಂದಳು. (ಮೀನಿನ ಬಗ್ಗೆ: ಬಂಗುಡೆ ತಿಂದು ಬೆಳೆದ ನಾಲಿಗೆಗೆ ಕೆರೆಮೀನು ಸಪ್ಪೆ. ಸಾರು ಮಾತ್ರ ಎರಡು ಸಲ ಹಾಕಿಸಿಕೊಂಡೆ.)

ತಮ್ಮ ಅವಸರವಾಗಿ ಎದ್ದ. ಆ ಮಧ್ಯರಾತ್ರಿಯಿಂದ ಮತದಾನ ಮುಗಿಯುವವರೆಗೆ ಗಡಿ ಬಂದ್. ಇದು ಎಲ್ಲರಿಗೂ ಗೊತ್ತಿತ್ತು, ನನಗೊಬ್ಬಳಿಗೆ ಬಿಟ್ಟು! ನನ್ನ ವಾಪಸ್ ಟಿಕೆಟ್ ಇದ್ದದ್ದು 18ಕ್ಕೆ, ಜಯನಗರದಿಂದ. ಲಾಡ್ಜಿನವನು ಹೇಳಿರಲಿಲ್ಲ, ಟಿಕೆಟ್ ಮಾಡಿಕೊಟ್ಟ ಏಜೆಂಟನೂ ಹೇಳಿರಲಿಲ್ಲ. ಹೋಗುವವರು ಚುನಾವಣೆಯ ತಾರೀಕು ನೋಡಿಕೊಂಡು ಹೋಗಿ. ಅಲ್ಲಿಯದೂ, ಬಿಹಾರದ್ದೂ. ಟಿಕೆಟ್ ದುಡ್ಡು ಹೋಯಿತು. ಬೆಳಗ್ಗೆ ನೋಡಿದರೆ ದಸ್‌ಗಜಾದಲ್ಲಿ ಎಮ್ಮೆ ಇಲ್ಲ, ಬೆರಣಿ ಇಲ್ಲ, ಎರಡೂ ಕಡೆ ಬಂದೂಕು ಹಿಡಿದವರು. ಆ ಜಾಗ ಖಾಲಿಯಾಗಿ ಇದ್ದದ್ದನ್ನು ನಾನು ಕಂಡದ್ದು ಆ ಮೂರು ದಿನ ಮಾತ್ರ.

18 ಮತ್ತು 19 ಹೇಗೆ ಕಳೆದವೋ. ಬಟಾಣಿ ಸುಲಿದೆ.

20ರಂದು ವಾಹನ ಓಡುವಂತಿಲ್ಲ. ಎಲ್ಲರೂ ನಡೆದೇ ಶಾಲೆಯ ಮತಗಟ್ಟೆಗೆ ಹೋದೆವು. ಹೆಂಗಸರ ಸಾಲು ಗಂಡಸರದ್ದಕ್ಕಿಂತ ಉದ್ದ, ಗಂಡಸರು ಅರ್ಧ ಜನ ಕತಾರ್‌ನಲ್ಲೋ ಮಲೇಷ್ಯಾದಲ್ಲೋ ಇದ್ದಾರೆ. ಹುಡುಗ ಆಲ್ತಾ ಊದಿದ ಅಜ್ಜಿಯ ಕೈ ಹಿಡಿದು ಕರೆತಂದ. ಮತಗಟ್ಟೆಯ ಮುಂದೆ ಹಗ್ಗ ಕಟ್ಟಿದ್ದರು. ಹಗ್ಗದವರೆಗೆ ಬಂದು ಅವಳ ಕೈ ಬಿಟ್ಟ. ಅವಳು ಒಳಗೆ ಹೋದಳು, ಅವನು ತಿರುಗಿ ಮುಂದಿನ ಅಜ್ಜಿಯನ್ನು ತರಲು ಹೋದ. ಸಂಜೆಯವರೆಗೆ ಹೀಗೇ. ನಾನು ಮರದ ಕೆಳಗೆ ಕೂತು ನೋಡುತ್ತಿದ್ದೆ. ನನಗೂ ಆ ಹಗ್ಗದ ಒಳಗೆ ಕೆಲಸವಿರಲಿಲ್ಲ, ಆದರೆ ನನಗೆ ಹೋಗಲು ಬೇರೆ ದೇಶ ಇತ್ತು.

ಭೌಜಿ ಹೊರಗೆ ಬಂದು ಮಸಿ ತೋರಿಸಿದಳು. ಅವರಿಗೆ ಎಡಗೈ ಹೆಬ್ಬೆರಳಿಗೆ ಹಚ್ಚುತ್ತಾರೆ. ನಮ್ಮ ಮೈಸೂರಿನ ಕಾರ್ಖಾನೆಯ ಮಸಿ ನೇಪಾಳಕ್ಕೂ ಹೋಗಿದೆ ಎಂದು ಹೇಳಿದೆ. ಅವಳು ಬೆರಳನ್ನು ಮೂಸಿ ನೋಡಿದಳು. ಯಾರಿಗೆ ಹಾಕಿದೆ ಎಂದು ನಾನು ಕೇಳಲಿಲ್ಲ.

ಮುಂದಿನ ವರ್ಷ, 2023ರ ಮೇ 31ರಂದು, ಹೊಸ ರಾಷ್ಟ್ರಪತಿ ರಾಮಚಂದ್ರ ಪೌಡೇಲ್ ಆ ಮಸೂದೆಗೆ ಸಹಿ ಹಾಕಿದರು. ಹುಡುಗನಿಗೆ ಕಾಗದ ಸಿಕ್ಕಿತೆಂದು ವಾಚ್‌ಮನ್ ಹೇಳಿದ. ಕಾಗದ ಸಿಕ್ಕಿದ್ದೇ ಪಾಸ್‌ಪೋರ್ಟ್ ಮಾಡಿಸಿ ಮಲೇಷ್ಯಾಕ್ಕೆ ಹೋದನಂತೆ.

ಇದೆಲ್ಲ ಆಮೇಲಿನ ಮಾತು. ಆ ನವೆಂಬರ್ 21ರ ಬೆಳಗ್ಗೆ ಗಡಿ ತೆರೆಯಿತು. ಹೊರಡುವಾಗ ಭೌಜಿ ನನ್ನ ಚೀಲಕ್ಕೆ ಒಂದು ಸೇರು ಮಖಾನಾ ತುರುಕಿದಳು. ಅದರ ಮೇಲೆ ಹಳದಿ ಬಟ್ಟೆಯ ಒಂದು ತುಂಡು. ಜಯನಗರದ ದರ್ಜಿಗೆ ಕೊಡಬೇಕಂತೆ, ಮಗಳ ಬ್ಲೌಸಿಗೆ. ನಮ್ಮ ಕಡೆಯ ಜವಾನ ಬಟ್ಟೆಯನ್ನು ಬಿಡಿಸಿ, ಕೊಡವಿ, ಮತ್ತೆ ನೀಟಾಗಿ ಮಡಚಿ ಕೊಟ್ಟ. ಸ್ಟೇಷನ್ನಿಂದ ನಾಲ್ಕು ಹೆಜ್ಜೆ, ಸಣ್ಣ ಅಂಗಡಿ. ಊರಿನ ಹೆಸರು ಹೇಳಿ ಬಟ್ಟೆ ಕೊಟ್ಟೆ. ಅಳತೆ ತಂದಿಲ್ಲ ಎಂದೆ.

"ಇದೆ" ಎಂದು ದರ್ಜಿ ಒಂದು ಹಳೆಯ ನೋಟ್‌ಬುಕ್ ತೆಗೆದ. ಪುಟ ತಿರುಗಿಸುತ್ತಾ ತಲೆ ಎತ್ತದೆ ಕೇಳಿದ, "ಎಣಿಕೆ ಶುರುವಾಯ್ತಾ? ನಮ್ಮವನು ಮುಂದಿದ್ದಾನಾ?"