ಹಸಿರು ಚುಕ್ಕೆ ನಂಬಿ ಹಿರಿಯೂರಿನಲ್ಲಿ ನಿಂತ ಗಾಡಿ

ಕೊಪ್ಪಳದ ಒಂದು ಟ್ರಾವೆಲ್ಸ್‌ನಲ್ಲಿ ನನ್ನ ಕೆಲಸ. ಗಾಡಿ ಓಡಿಸೋದಿಲ್ಲ. ಓಡಿಸುವವರಿಗೆ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತಿಗೆ ಹೊರಡಬೇಕು ಅಂತ ಟ್ರಿಪ್ ಶೀಟ್ ಬರೆದು ಕೊಡುತ್ತೇನೆ. ಡೀಸೆಲ್ ಗಾಡಿಗಳಿದ್ದಾಗ ಇದು ಅರ್ಧ ಗಂಟೆಯ ಕೆಲಸವಾಗಿತ್ತು. ಎರಡು ಎಲೆಕ್ಟ್ರಿಕ್ ಗಾಡಿ ಬಂದ ಮೇಲೆ ತಲೆನೋವು ಶುರುವಾಯಿತು.

ನಮ್ಮ ಸಾವ್ಕಾರರು ಆ ಗಾಡಿ ತಂದಿದ್ದೇ ಕಿಲೋಮೀಟರಿಗೆ ಎಷ್ಟು ಉಳಿಯುತ್ತೆ ಅನ್ನೋ ಲೆಕ್ಕ ನೋಡಿ. ಲೆಕ್ಕ ಸುಳ್ಳಲ್ಲ. ನಮ್ಮ ಯಾರ್ಡಿನಲ್ಲಿ ರಾತ್ರಿ 7.2 ಕಿಲೋವ್ಯಾಟ್ ಚಾರ್ಜರ್‌ಗೆ ಹಾಕಿ ಬೆಳಿಗ್ಗೆ ತೆಗೆದರೆ ಗಂಗಾವತಿ, ಹೊಸಪೇಟೆ, ಹಂಪಿ, ಅಂಜನಾದ್ರಿ ಎಲ್ಲ ಆರಾಮ. ಆದರೆ ಸಾವ್ಕಾರರಿಗೆ ಬೆಂಗಳೂರು ಡ್ರಾಪ್ ಕೂಡ ಅದೇ ಗಾಡಿಯಲ್ಲೇ ಆಗಬೇಕು. ಚಾರ್ಜಿಂಗ್‌ಗೆ ನಿಲ್ಲುವ ಒಂದು ಗಂಟೆಗೆ ಡ್ರೈವರ್ ಬಾಟಾ ಯಾಕೆ ಕೊಡಬೇಕು ಅಂತ ಈಗಲೂ ಕೇಳುತ್ತಾರೆ. ಅದಿರಲಿ.

ಕಳೆದ ಜೂನ್‌ನಲ್ಲಿ ಒಂದು ಪಾರ್ಟಿ ಬಂತು. ಮಗ ಓದೋಕೆ ಜರ್ಮನಿಗೆ ಹೊರಟಿದ್ದ. ಅಪ್ಪ, ಅಮ್ಮ, ಅಜ್ಜಿ ಎಲ್ಲ ಕಳಿಸೋಕೆ ಬರುವವರು. ವಿಮಾನ ರಾತ್ರಿ 1.50ಕ್ಕೆ. ಮೂರು ಗಂಟೆ ಮೊದಲು ಅಂದರೆ 10.50ಕ್ಕೆ ದೇವನಹಳ್ಳಿಯಲ್ಲಿ ಇಳಿಸುತ್ತೇವೆ ಅಂತ ನಾನೇ ಬಾಯಿಬಿಟ್ಟು ಹೇಳಿದ್ದೆ. ಮಧ್ಯಾಹ್ನ ಒಂದಕ್ಕೆ ಹೊರಟರೆ ಹೊಸಪೇಟೆ, ಕೂಡ್ಲಿಗಿ, ಚಿತ್ರದುರ್ಗ, ಹಿರಿಯೂರು. ಅಲ್ಲಿ ಒಂದು ಚಾರ್ಜಿಂಗ್, ಜೊತೆಗೆ ತಿಂಡಿ. ಆಮೇಲೆ ತುಮಕೂರಿನ ಹತ್ತಿರ ಇಪ್ಪತ್ತು ನಿಮಿಷ. ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ಏರ್‌ಪೋರ್ಟ್. ಬೆಂಗಳೂರಿನ ಟ್ರಾಫಿಕ್‌ಗೆ ಕಾಲಿಡುವುದೇ ಬೇಡ. ಶೀಟ್ ನೋಡಿ ನನಗೇ ಖುಷಿಯಾಗಿತ್ತು.

ಗಾಡಿಯದು 40 ಕಿಲೋವ್ಯಾಟ್ ಅವರ್, ಅಂದರೆ 40 ಯೂನಿಟ್ ಬ್ಯಾಟರಿ. ಕಾಗದದ ಮೇಲಿನ ರೇಂಜ್, ಅಂದರೆ ಒಂದು ಫುಲ್ ಚಾರ್ಜಿಗೆ ಓಡುವ ದೂರ, ಅದರ ಬಗ್ಗೆ ನಾವು ಯಾರೂ ಮಾತಾಡುವುದಿಲ್ಲ. ಅದು ಪರೀಕ್ಷೆಯ ನಂಬರ್, ಆ ಪರೀಕ್ಷೆಯಲ್ಲಿ ವೇಗ ಒಮ್ಮೆಯೂ 90 ದಾಟುವುದಿಲ್ಲ. ನಮ್ಮ ಕೈಯಲ್ಲಿ ಅದು 280 ಕಿಲೋಮೀಟರ್ ಕೊಡುತ್ತಿತ್ತು. ಕೊಪ್ಪಳದಿಂದ ಹಿರಿಯೂರು ಸುಮಾರು 210. ಅಲ್ಲಿಗೆ 25 ಪರ್ಸೆಂಟ್ ಉಳಿಯಬೇಕು. ಶೀಟಿನಲ್ಲಿ 25 ಅಂತಲೇ ಬರೆದೆ.

ಹೊರಡುವ ಹೊತ್ತಿಗೆ ನೋಡಿದರೆ ಎರಡು ದೊಡ್ಡ ಸೂಟ್‌ಕೇಸ್, ಒಂದು ರಟ್ಟಿನ ಡಬ್ಬಿ, ಚಟ್ನಿಪುಡಿ, ರೊಟ್ಟಿ, ಉಪ್ಪಿನಕಾಯಿ ತುಂಬಿದ ಚೀಲ. ಡಿಕ್ಕಿಯಲ್ಲಿ ಹಿಡಿಸಲಿಲ್ಲ. "ಮೇಲೆ ಕ್ಯಾರಿಯರ್ ಹಾಕಿ ಕಟ್ಟಿಬಿಡಿ" ಅಂದೆ. ಹುಡುಗರು ಕ್ಯಾರಿಯರ್ ಕೂರಿಸಿ, ಸೂಟ್‌ಕೇಸ್ ಏರಿಸಿ, ನೀಲಿ ತಾಡಪಾಲು ಹೊದಿಸಿ, ಹಗ್ಗ ಬಿಗಿದರು. ಟ್ರಿಪ್ ಶೀಟ್ ನನ್ನ ಕೈಯಲ್ಲೇ ಇತ್ತು. ಅದರಲ್ಲಿ ಒಂದು ಅಂಕಿಯನ್ನೂ ನಾನು ತಿದ್ದಲಿಲ್ಲ.

ಡ್ಯೂಟಿಗೆ ಹೋದವರು ನಮ್ಮಲ್ಲಿ ಎಲ್ಲರಿಗಿಂತ ಹಿರಿಯ ಡ್ರೈವರ್. ಎಲ್ಲರೂ ಅವರನ್ನು ಕಾಕಾ ಅನ್ನುತ್ತೇವೆ. ಕಾಕಾ ತಾಡಪಾಲು ನೋಡಿ ಒಂದೇ ಮಾತು ಹೇಳಿದರು. "ತಮ್ಮಾ, ಗಾಳಿ ಬಾಳ ಐತಿ ಇವತ್ತು."

"ಹೌದು ಕಾಕಾ, ಹಗ್ಗ ಗಟ್ಟಿ ಕಟ್ಟಿದಾರೆ" ಅಂದೆ ನಾನು. ಅವರು ಹಗ್ಗದ ಮಾತು ಆಡಿರಲಿಲ್ಲ. ಅದು ತಿಳಿಯೋಕೆ ನನಗೆ ನಾಲ್ಕು ಗಂಟೆ ಬೇಕಾಯಿತು.

ನಾಲ್ಕೂವರೆಗೆ ಫೋನ್ ಬಂತು. ಚಿತ್ರದುರ್ಗದ ಬೈಪಾಸ್ ಹತ್ತಿರ ಗಾಡಿ ಬದಿಗೆ ಹಾಕಿದ್ದರು. ಈ ಫೋನನ್ನು ನಾನು ಎಷ್ಟು ಸಲ ನೆನಪು ಮಾಡಿಕೊಂಡಿದ್ದೇನೋ ಲೆಕ್ಕವಿಲ್ಲ.

"ತಮ್ಮಾ, 24 ಐತಿ."

ನನ್ನ ಶೀಟಿನ ಪ್ರಕಾರ ಅಲ್ಲಿ 39 ಇರಬೇಕಿತ್ತು. ಹದಿನೈದು ಪರ್ಸೆಂಟ್ ಎಲ್ಲಿ ಹೋಯಿತು ಅಂತ ಆಗಲೇ ಕೇಳಿಕೊಳ್ಳಬೇಕಿತ್ತು. ನಾನು ಕೇಳಿದ್ದು ಬೇರೆ. "ಡಿಸ್‌ಪ್ಲೇ ಎಷ್ಟು ಕಿಲೋಮೀಟರ್ ತೋರಿಸ್ತಿದೆ?"

"54."

"ಹಿರಿಯೂರು 40 ತಾನೇ? ಮೇಲಾಗಿ ಇಳಿಜಾರು. ಆರಾಮ ಹೋಗ್ತೀರಿ."

"ಇಲ್ಲೇ ಊರಾಗ ಒಂದ್ ಚಾರ್ಜರ್ ಐತಂತ, ಹಾಕ್ಕೊಂಡು ಹೋಗ್ಲೇನು? ಫ್ಯಾನು ನೋಡು, ಹೆಂಗ ತಿರುಗಾಕತ್ತಾವು."

ಫ್ಯಾನು ಅಂದರೆ ಚಿತ್ರದುರ್ಗದ ಗುಡ್ಡದ ಮೇಲಿನ ಗಾಳಿಯಂತ್ರಗಳು. ಜೂನ್ ತಿಂಗಳ ನೈಋತ್ಯದ ಗಾಳಿ. ಹೊಸಪೇಟೆ ಬಿಟ್ಟ ಮೇಲೆ ಗಾಡಿ ದಕ್ಷಿಣಕ್ಕೆ ಓಡುತ್ತೆ, ಗಾಳಿ ಓರೆಯಾಗಿ ಎದುರಿಗೇ ಬಂದು ಹೊಡೆಯುತ್ತೆ. ಅದರ ಮೇಲೆ ತಲೆಯ ಮೇಲೊಂದು ನೀಲಿ ಗಂಟು. ಕಾಕಾ ಅಷ್ಟನ್ನೂ ಒಂದು ಫ್ಯಾನಿನಲ್ಲಿ ಹೇಳಿದ್ದರು. ನನ್ನ ತಲೆಯಲ್ಲಿ ಇದ್ದದ್ದು ಬೇರೆ: ಊರೊಳಗೆ ಹೋಗಿ ಬಂದರೆ ಅರ್ಧ ಗಂಟೆ ದಂಡ, ಆ ಚಾರ್ಜರ್ ಬೇರೆ ಕಂಪನಿಯದು, ಅದರ ವ್ಯಾಲೆಟ್‌ಗೆ ಮತ್ತೆ 500 ಹಾಕಬೇಕು. ನನ್ನ ಮೊಬೈಲಿನಲ್ಲಿ ಆಗಲೇ ಒಂಬತ್ತು ಆ್ಯಪ್ ಇದ್ದವು, ಎಲ್ಲದರಲ್ಲೂ ನೂರು ಇನ್ನೂರು ಸಿಕ್ಕಿಹಾಕಿಕೊಂಡಿತ್ತು. ಆ ದುಡ್ಡಿನ ಬಗ್ಗೆ ಸಾವ್ಕಾರರು ಹಿಂದಿನ ವಾರವಷ್ಟೇ ಕೂಗಾಡಿದ್ದರು. ಹಿರಿಯೂರಿನ ಹೋಟೆಲ್ ಚಾರ್ಜರ್ ಆ್ಯಪ್‌ನಲ್ಲಿ ಹಸಿರು ಚುಕ್ಕೆ ತೋರಿಸುತ್ತಿತ್ತು, ಅಂದರೆ ಚಾಲೂ ಇದೆ ಅಂತ, ವ್ಯಾಲೆಟ್‌ನಲ್ಲಿ ದುಡ್ಡೂ ಇತ್ತು.

"ಬೇಡ ಕಾಕಾ, ಹಿರಿಯೂರಿಗೇ ಹೋಗಿ" ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದು "ಆತು" ಅಂದರು. ನಮ್ಮ ಕಡೆ "ಆತು" ಅನ್ನೋದಕ್ಕೆ ನೂರು ಅರ್ಥ ಇದೆ ಅಲ್ವಾ? ಒಪ್ಪಿಕೊಂಡೆ ಅನ್ನೋದು ಅದರಲ್ಲಿ ಒಂದು ಮಾತ್ರ.

ಆಮೇಲೆ ಕೂತು ಲೆಕ್ಕ ಹಾಕಿದೆ. ಚಿತ್ರದುರ್ಗದಿಂದ ಹಿರಿಯೂರು ನೂರು ಮೀಟರ್ ತಗ್ಗಿನಲ್ಲಿದೆ ಅಂತ ಹಿಡಿದರೂ, ಹತ್ತೊಂಬತ್ತು ನೂರು ಕೆಜಿ ಗಾಡಿಗೆ ಅದರಿಂದ ಸಿಗೋದು ಅರ್ಧ ಯೂನಿಟ್. ಒಂದು ಪರ್ಸೆಂಟ್‌ಗಿಂತ ಚೂರು ಜಾಸ್ತಿ. ಅಂಥ ಇಳಿಜಾರನ್ನು ನಂಬಿ ನಾನು ಮಾತಾಡಿದ್ದೆ. ಗಾಳಿಯದ್ದು ಹಾಗಲ್ಲ. ವೇಗ 80 ಇದ್ದದ್ದು 100 ಆದರೆ ಗಾಳಿಯ ತಡೆ ಒಂದೂವರೆ ಪಟ್ಟು ಏರುತ್ತೆ. ಎದುರು ಗಾಳಿ ಇದ್ದರೆ ಅದನ್ನೂ ಕೂಡಿಸಿಕೊಳ್ಳಬೇಕು. ಕ್ಯಾರಿಯರ್ ಇದ್ದರೆ ಕೇಳೋದೇ ಬೇಡ. 280 ಕೊಡುವ ಗಾಡಿ ಅವತ್ತು 225 ಕೊಟ್ಟಿತ್ತು.

5.20ಕ್ಕೆ ಹಿರಿಯೂರು. ಬ್ಯಾಟರಿ 6 ಪರ್ಸೆಂಟ್. ಕೊನೆಯ ಹತ್ತು ಕಿಲೋಮೀಟರ್ ಕಾಕಾ ಎಸಿ ಬಂದ್ ಮಾಡಿ, ಲಾರಿಗಳ ಹಿಂದೆ ಐವತ್ತರಲ್ಲಿ ಬಂದಿದ್ದರಂತೆ. ಅಜ್ಜಿ "ಯಾಕಪ್ಪ, ಗಾಡಿಗೆ ಆರಾಮಿಲ್ಲೇನು?" ಅಂತ ಕೇಳಿದರಂತೆ.

ಫೋನ್ ಮತ್ತೆ ಬಂತು. "ತಮ್ಮಾ, ಹಸಿರು ದೀಪ ನಿನ್ನ ಮೊಬೈಲ್‌ನಾಗ ಐತಿ. ಇಲ್ಲಿ ಡಬ್ಬಿ ಸತ್ತು ಬಿದ್ದೈತಿ. ಗನ್ ಹಾಕಿದ್ರ ಕಿಮಕ್ ಅನ್ನವಲ್ದು." ಡಬ್ಬಿ ಅಂದರೆ ಚಾರ್ಜರ್, ಗನ್ ಅಂದರೆ ಗಾಡಿಗೆ ಚುಚ್ಚುವ ಅದರ ಪ್ಲಗ್.

ಆ ಐವತ್ತು ನಿಮಿಷ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನ ಎದುರಿಗೆ ಸಾವ್ಕಾರರು ಕೂತು ಒಗ್ಗರಣಿ ಮಿರ್ಚಿ ತಿನ್ನುತ್ತಿದ್ದರು. ಅವರಿಗೆ ಗೊತ್ತಾಗಬಾರದು ಅಂತ ನಾನು ಫೋನ್ ಹಿಡಿದು ಹೊರಗೆ ಹೋಗೋದು, ಒಳಗೆ ಬರೋದು. ಹೆಲ್ಪ್‌ಲೈನ್‌ನಲ್ಲಿ ಹಿಂದಿಗೆ ಒಂದು ಒತ್ತಿ, ಇಂಗ್ಲಿಷಿಗೆ ಎರಡು ಒತ್ತಿ, ಕನ್ನಡದ ಸುದ್ದಿಯೇ ಇಲ್ಲ. ಹದಿನಾಲ್ಕು ನಿಮಿಷ ಹಾಡು ಕೇಳಿಸಿ ಆಮೇಲೆ ಒಬ್ಬ ಹುಡುಗ "ಸರ್, ಚಾರ್ಜರ್ ಆನ್‌ಲೈನ್ ಇದೆ" ಅಂದ. ಇಲ್ಲಪ್ಪ, ಸ್ಕ್ರೀನ್ ಕಪ್ಪಗಿದೆ ಅಂದೆ. "ರಿಮೋಟ್ ರೀಸೆಟ್ ಮಾಡಿದೀನಿ, ಐದು ನಿಮಿಷ ಬಿಟ್ಟು ನೋಡಿ" ಅಂದ. ಐದು ನಿಮಿಷ ಆಯಿತು, ಹತ್ತು ಆಯಿತು. ಒಂದು ಟಿಕೆಟ್ ನಂಬರ್ ಬಂತು. ಇಪ್ಪತ್ನಾಲ್ಕು ಗಂಟೆಯಲ್ಲಿ ಸರಿಮಾಡುತ್ತಾರಂತೆ.

ಆ್ಯಪ್‌ನಲ್ಲಿ ಮುಂದಿನ ಚಾರ್ಜರ್ 11 ಕಿಲೋಮೀಟರ್ ದೂರ. ಗಾಡಿ 13 ಹೋಗುತ್ತೇನೆ ಅನ್ನುತ್ತಿತ್ತು. ಕಾಕಾಗೆ ಹೇಳಿದೆ. "ಅಲ್ಲೂ ಹಿಂಗ ಇದ್ರ ಏನು ಮಾಡ್ಲಿ? ಹೈವೇ ಮ್ಯಾಗ ಅಜ್ಜಿನ್ನ ಕುಂದರಿಸ್ಲೇನು?" ಅಂದರು. ಉತ್ತರ ಇರಲಿಲ್ಲ. ಹೋಟೆಲ್‌ನವರ 15 ಆಂಪಿಯರ್ ಸಾಕೆಟ್ ಕೇಳಿದೆವು, ಕೊಟ್ಟರು. ಒಳ್ಳೆ ಜನ. ಆದರೆ ಅದರಲ್ಲಿ ಗಂಟೆಗೆ ಮೂರು ಯೂನಿಟ್ ಬಂದರೆ ಹೆಚ್ಚು. ಅಂದರೆ ಗಂಟೆಗೆ ಹದಿನೇಳು ಕಿಲೋಮೀಟರ್, ಸೈಕಲ್ ಲೆಕ್ಕ.

ಕೊನೆಗೆ ಚಿತ್ರದುರ್ಗದ ಪರಿಚಯದ ಟ್ರಾವೆಲ್ಸ್‌ಗೆ ಫೋನ್ ಮಾಡಿ ಡೀಸೆಲ್ ಗಾಡಿ ಕೇಳಿದೆ. ಒಂಬತ್ತು ಸಾವಿರ ಅಂದರು, ಎರಡು ಸಾವಿರ ಅಡ್ವಾನ್ಸ್. ಚೌಕಾಶಿ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ನನ್ನ ಸ್ವಂತ ಖಾತೆಯಿಂದ ಕಳಿಸಿದೆ. ದುಡ್ಡು ಹೋದ ಟಿಂಗ್ ಸದ್ದು ಬಂದು ಎರಡು ನಿಮಿಷ ಆಗಿಲ್ಲ, ಕಾಕಾ ಫೋನ್.

"ಚಾಲೂ ಆತು ತಮ್ಮಾ."

ಆಗಿದ್ದಿಷ್ಟು. ಹೋಟೆಲ್ ಪಾರ್ಕಿಂಗ್ ನೋಡಿಕೊಳ್ಳುವ ವಯಸ್ಸಾದ ವಾಚ್‌ಮನ್ ಒಬ್ಬರು ಮೊದಲಿಂದಲೂ ಅಲ್ಲೇ ಸ್ಟೂಲ್ ಮೇಲೆ ಕೂತಿದ್ದರು. ಕಾಕಾ ಅವರ ಜೊತೆ ಚಹಾ ಕುಡಿಯುತ್ತಾ, ಮಳೆ ಹೆಂಗೆ ನಿಮ್ಮ ಕಡೆ ಅಂತ ಮಾತು ತೆಗೆದರು. ಅವರು "ನಿನ್ನೆ ರಾತ್ರಿ ಗುಡುಗು ಸಿಡಿಲು ಜೋರಿತ್ತು, ನಮಗ್ಯಾಕೆ ಬೇಕು ಅಂತ ಈ ಡಬ್ಬಿಯ ಕೆಂಪು ಬಟನ್ ಒತ್ತಿಬಿಟ್ಟೆ" ಅಂದರು. ಎಮರ್ಜೆನ್ಸಿ ಸ್ಟಾಪ್! ಅದನ್ನು ಬಲಕ್ಕೆ ತಿರುಗಿಸಿದರೆ ಮೇಲೆ ಬರುತ್ತೆ, ಅದು ಮೇಲೆ ಬರುವ ತನಕ ಯಾವ ರಿಮೋಟ್ ರೀಸೆಟ್ಟೂ ನಡೆಯಲ್ಲ. ಚಾರ್ಜರ್‌ನ ಸಂಪರ್ಕ ರಾತ್ರಿಯೇ ಕಡಿದಿತ್ತು. ಆ್ಯಪ್ ಹಿಂದಿನ ದಿನದ ಹಸಿರನ್ನೇ ಹಿಡಿದುಕೊಂಡು ಕೂತಿತ್ತು. "ಮೊದಲೇ ಯಾಕೆ ಹೇಳಲಿಲ್ಲ" ಅಂತ ಕಾಕಾ ಕೇಳಿದರೆ "ನೀವು ಕೇಳಲಿಲ್ಲ, ಫೋನಲ್ಲೇ ಇದ್ರಿ" ಅಂದರಂತೆ.

ಚಾರ್ಜಿಂಗ್ ಶುರುವಾಗಿದ್ದು 6.10ಕ್ಕೆ. 60 ಕಿಲೋವ್ಯಾಟ್ ಅಂತ ಬೋರ್ಡಿದ್ದರೂ ಪಕ್ಕದ ಗನ್‌ಗೆ ಇನ್ನೊಂದು ಗಾಡಿ ಬಂದು ನಿಂತಿತು, ಹಂಚಿಕೆಯಾಗಿ ನಮಗೆ ಸಿಕ್ಕಿದ್ದು ಅದರ ಅರ್ಧ. 80 ಆದ ತಕ್ಷಣ ಕಾಕಾ ತೆಗೆದರು. ಅಲ್ಲಿಂದ ಮುಂದೆ ಚಾರ್ಜ್ ಆಮೆ ಥರ ಏರುತ್ತೆ, ನೂರಕ್ಕೆ ಕಾಯೋದು ಸುಮ್ನೆ ಹೊತ್ತು ದಂಡ. ಹಿರಿಯೂರಿನಲ್ಲೇ ತಾಡಪಾಲು ಬಿಚ್ಚಿ ರಟ್ಟಿನ ಡಬ್ಬಿ ಇಳಿಸಿ ಅಪ್ಪ, ಮಗ ತೊಡೆ ಮೇಲೆ ಇಟ್ಟುಕೊಂಡರು. ವೇಗ 75. ತುಮಕೂರಿನ ಹತ್ತಿರ ಎರಡನೇ ಸಲ ಹಾಕುವಾಗ ಓಟಿಪಿ ಸಾವ್ಕಾರರ ನಂಬರಿಗೆ ಹೋಯಿತು. ಅವರು ಆಗಲೇ ಮಲಗಿದ್ದರು. ಎಬ್ಬಿಸಬೇಕಾಯಿತು, ಆಗ ಎಲ್ಲ ಕಥೆಯೂ ಹೊರಗೆ ಬಂತು. ಏರ್‌ಪೋರ್ಟ್ ಮುಟ್ಟಿದಾಗ 11.40. ಹೇಳಿದ್ದಕ್ಕಿಂತ ಐವತ್ತು ನಿಮಿಷ ತಡ. ಹುಡುಗನಿಗೆ ವಿಮಾನ ಸಿಕ್ಕಿತು.

ಮರುದಿನ ಸಾವ್ಕಾರರು ಒಂದು ಹೊಸ ಆ್ಯಪ್ ತರಿಸೋಣ ಅಂದರು. ದಾರಿ, ಗಾಳಿ, ಭಾರ ಎಲ್ಲ ನೋಡಿ ತಾನೇ ಪ್ಲಾನ್ ಮಾಡುತ್ತಂತೆ. ಹತ್ತನೆಯದು. ಆಗಲಿ ಅಂದೆ. ಹೆದ್ದಾರಿಯ ಎರಡೂ ಬದಿಗೆ ಇಷ್ಟಿಷ್ಟು ಕಿಲೋಮೀಟರಿಗೆ ಒಂದು ಚಾರ್ಜಿಂಗ್ ಸ್ಟೇಷನ್ ಇರಬೇಕು ಅಂತ ಕೇಂದ್ರದ ಮಾರ್ಗಸೂಚಿಯೇ ಇದೆ. ಮಾರ್ಗಸೂಚಿಯಲ್ಲಿ ವಾಚ್‌ಮನ್ ಇಲ್ಲ.

ನಾನು ಮಾಡಿದ ಬದಲಾವಣೆ ಸಣ್ಣದು. ಟ್ರಿಪ್ ಶೀಟಿನಲ್ಲಿ ಒಂದು ಹೊಸ ಕಾಲಂ ಗೀಚಿದ್ದೇನೆ: "ಅಲ್ಲಿ ಕೆಟ್ಟಿದ್ದರೆ?" ಅಂತ. ಮೊದಲ ಚಾರ್ಜರ್ ಸತ್ತಿದ್ದರೂ ಎರಡನೆಯದಕ್ಕೆ ಹೋಗುವಷ್ಟು ಚಾರ್ಜ್ ಉಳಿದಿರಬೇಕು. ಉಳಿಯೋದಿಲ್ಲ ಅಂದರೆ ಮೊದಲೇ ನಿಲ್ಲಬೇಕು, ವ್ಯಾಲೆಟ್ ಹಾಳಾಗಿ ಹೋಗಲಿ. ಹೊರಡುವ ಮೊದಲು ಹೆಲ್ಪ್‌ಲೈನ್‌ಗೆ ಮಾಡೋದಿಲ್ಲ, ಆ ಹೋಟೆಲ್‌ನ ಕ್ಯಾಶಿಯರ್‌ಗೆ ಫೋನ್ ಮಾಡಿ "ಅಣ್ಣಾ, ಡಬ್ಬಿಯಲ್ಲಿ ದೀಪ ಉರೀತಿದೆಯಾ? ಇವತ್ತು ಯಾರಾದರೂ ಹಾಕಿದ್ರಾ?" ಅಂತ ಕೇಳುತ್ತೇನೆ. ಹಸಿರು ಚುಕ್ಕೆಗಿಂತ, ಕೊನೆಯ ಸಲ ಎಷ್ಟು ಹೊತ್ತಿಗೆ ಚಾರ್ಜ್ ಆಗಿದೆ ಅನ್ನೋದನ್ನು ನೋಡುತ್ತೇನೆ. ಕ್ಯಾರಿಯರ್ ಏರಿದರೆ ಐದರಲ್ಲಿ ಒಂದು ಪಾಲು ರೇಂಜ್ ಹೊಡೆದು ಹಾಕುತ್ತೇನೆ. ಮತ್ತೆ ಕಾಕಾ "ಆತು" ಅಂದರೆ ಈಗ ಫೋನ್ ಇಡೋದಿಲ್ಲ. ಯಾಕೆ ಕಾಕಾ ಅಂತ ಕೇಳುತ್ತೇನೆ.

ಅಡ್ವಾನ್ಸ್‌ನಲ್ಲಿ ಸಾವಿರ ವಾಪಸ್ ಬಂತು. ಇನ್ನೊಂದು ಸಾವಿರ ಕೇಳೋಕೆ ನನಗೇ ನಾಚಿಕೆ.

ಎರಡು ದಿನ ಬಿಟ್ಟು ಹುಡುಗನ ತಾಯಿಗೆ ಫೋನ್ ಮಾಡಿದೆ, ತಪ್ಪಾಯಿತು ಅಂತ ಹೇಳೋಕೆ. ಬಯ್ಯುತ್ತಾರೆ ಅಂದುಕೊಂಡಿದ್ದೆ. ಬಯ್ಯಲಿಲ್ಲ.

"ದಾರಿ ಪೂರ್ತಿ ಆ ಪರ್ಸೆಂಟ್ ನೋಡಿಕೋತನ ಕುಂತ್ವಿ ನೋಡಪ್ಪ. ಮಗನ ಕೂಡ ನಾಲ್ಕು ಮಾತಾಡಾಕ ಆಗ್ಲಿಲ್ಲ. ಗೇಟ್‌ನಾಗ ಓಡಿ ಹೋಗಿಬಿಟ್ಟ, ಅಳಾಕೂ ಟೈಮ್ ಸಿಗ್ಲಿಲ್ಲ."

ಏನು ಹೇಳಬೇಕೋ ತಿಳಿಯಲಿಲ್ಲ. ಸುಮ್ಮನಿದ್ದೆ. ಅವರೇ ಮಾತು ಮುಂದುವರಿಸಿದರು.

"ಇರ್ಲಿ ಬಿಡು. ಡಿಸೆಂಬರ್‌ನಾಗ ಬರ್ತಾನ. ಕರ್ಕೊಂಡು ಬರಾಕ ಆ ಕಾಕಾನ್ನ ಕಳಸು. ಗಾಡಿ ಮಾತ್ರ ಡೀಸೆಲ್‌ದು."