ಮಳೆಗಾಲದಲ್ಲೂ ಹಳೇ ಬೆಂಜ್ ದಿನಾ ಓಡಿಸುತ್ತೇನೆ

ಜುಲೈ ಬಂತೆಂದರೆ ಎಲ್ಲರದ್ದೂ ಒಂದೇ ಮಾತು. "ಈ ಮಳೆಗೆ ಆ ಬೆಂಜ್ ಯಾಕೆ ತೆಗೀತೀಯಾ ಮಾರಾಯ, ಸುಮ್ನೆ ಶೆಡ್ಡಲ್ಲಿ ಇಡು, ಒಂದು ಜೀಪ್ ತಗೋ." ಪೆಟ್ರೋಲ್ ಬಂಕಿನಲ್ಲಿ ಹೇಳುತ್ತಾರೆ, ಮದುವೆ ಮನೆಯಲ್ಲಿ ಹೇಳುತ್ತಾರೆ, ನಮ್ಮ ದೊಡ್ಡಪ್ಪ ಅಂತೂ ಸಿಕ್ಕಾಗಲೆಲ್ಲ ಹೇಳುತ್ತಾರೆ. ಪ್ರೀತಿಯಿಂದಲೇ ಹೇಳುವುದು, ಗೊತ್ತು. ಆದರೆ ಆರು ವರ್ಷ ಈ ಕಾರಿನ ಜೊತೆ ಕಳೆದ ಮೇಲೆ ನನಗೆ ಒಂದು ವಿಷಯ ಖಾತ್ರಿಯಾಗಿದೆ: ಕೊಡಗಿನಲ್ಲಿ ಹಳೇ ಕಾರು ನಿಂತೇ ಹಾಳಾಗುವುದು.

ನನ್ನದು 1996ರ ಇ250 ಡೀಸೆಲ್. ಕಾರು ಬಲ್ಲವರು ಇದನ್ನು ಡಬ್ಲ್ಯು124 ಅನ್ನುತ್ತಾರೆ. ಜರ್ಮನಿಯಲ್ಲಿ 1984ರಲ್ಲೇ ಬಂದ ಮಾಡೆಲ್ ಇದು. ಮರ್ಸಿಡಿಸ್ ಬೆಂಜ್ ನಮ್ಮ ದೇಶದಲ್ಲಿ ಮೊದಲು ಜೋಡಿಸಿ ಮಾರಿದ್ದೂ ಇದನ್ನೇ, 1995ರಲ್ಲಿ, ಪುಣೆಯಲ್ಲಿ. ಐದು ಸಿಲಿಂಡರ್, 2,497 ಸಿಸಿ, ಟರ್ಬೊ ಇಲ್ಲ, ಗೇರು ಕೈಯಲ್ಲೇ ಹಾಕಬೇಕು.

ನಾನು ಮೊದಲು ನೋಡಿದಾಗ ಇದು ಸಿದ್ದಾಪುರದ ಹತ್ತಿರ ಒಂದು ತೋಟದ ಮನೆಯ ಶೆಡ್ಡಿನಲ್ಲಿತ್ತು. ನಾಲ್ಕು ಮಳೆಗಾಲ ಅಲ್ಲೇ ನಿಂತಿತ್ತು. ಇಟ್ಟವರು ಬೇಕಾಬಿಟ್ಟಿ ಇಟ್ಟಿರಲಿಲ್ಲ, ಒಳ್ಳೇ ಕವರ್ ಹೊದಿಸಿ, ಕೆಳಗೆ ಕಲ್ಲು ಹಾಸಿ, ಮಗುವನ್ನು ಮಲಗಿಸಿದ ಹಾಗೆ ಇಟ್ಟಿದ್ದರು. ಕವರ್ ತೆಗೆದು ಬಾಗಿಲು ತೆರೆದರೆ ಸೀಟಿನ ಮೇಲೆಲ್ಲ ಬಿಳಿ ಬೂಷ್ಟು. ಸ್ಟೀರಿಂಗ್ ಮೇಲೂ ಬೂಷ್ಟು, ಸೀಟ್ ಬೆಲ್ಟ್ ಹಸಿರುಗಟ್ಟಿತ್ತು. ಬಾನೆಟ್ ಎತ್ತಿದರೆ ಬ್ಯಾಟರಿ ಪಕ್ಕದಲ್ಲಿ ಇಲಿಗೂಡು, ಅದರಲ್ಲಿ ಒಣಗಿದ ಸಿಲ್ವರ್ ಮರದ ಎಲೆ, ನಡುನಡುವೆ ಕಚ್ಚಿ ತುಂಡು ಮಾಡಿದ ವಯರಿನ ಕೆಂಪು ಹಳದಿ ಸಿಪ್ಪೆ. ಬ್ರೇಕ್ ಪ್ಯಾಡು ಡಿಸ್ಕಿಗೆ ಅಂಟಿ ಹೋಗಿತ್ತು, ಟ್ರ್ಯಾಕ್ಟರ್ ಕಟ್ಟಿ ಎಳೆದ ಮೇಲೇ ಚಕ್ರ ತಿರುಗಿದ್ದು. ಮೀಟರಿನಲ್ಲಿ ಮಾತ್ರ ಬರೀ 1,12,000 ಕಿ.ಮೀ.

ಇದರಲ್ಲಿ ಯಾರ ತಪ್ಪೂ ಇಲ್ಲ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರನ್ನು ಹೀರಿಕೊಳ್ಳುತ್ತದೆ, ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ನೀರು. ಆಯಿಲಿನಲ್ಲಿ ಸೇರಿದ ನೀರು ಒಳಗಿನಿಂದಲೇ ತುಕ್ಕು ಹಿಡಿಸುತ್ತದೆ. ಅರ್ಧ ತುಂಬಿದ ಟ್ಯಾಂಕಿನಲ್ಲಿ ಆವಿ ಹನಿಗಟ್ಟಿ ಡೀಸೆಲ್ ಅಡಿಗೆ ಇಳಿಯುತ್ತದೆ. ರಬ್ಬರ್ ಸೀಲುಗಳು ಎಣ್ಣೆ ತಾಗದೆ ಒಣಗುತ್ತವೆ. ಅದೇ ಗಾಡಿ ದಿನಾ ಓಡಿದರೆ ಎಂಜಿನ್ ಬಿಸಿಗೆ ತೇವ ಹೋಗುತ್ತದೆ, ಹೀಟರ್ ಹಾಕಿದರೆ ಸೀಟೂ ಒಣಗುತ್ತದೆ, ಇಲಿಗೂ ಗೂಡು ಕಟ್ಟಲು ಪುರುಸೊತ್ತು ಸಿಗುವುದಿಲ್ಲ.

ಹಾಗಾಗಿ ನಾನು ದಿನಾ ತೆಗೆಯುತ್ತೇನೆ. ಮೂರ್ನಾಡಿನಿಂದ ಮಡಿಕೇರಿಗೆ, ಸಂಜೆ ವಾಪಸ್. ಬೆಳಗ್ಗೆ ಕೀ ಅರ್ಧ ತಿರುಗಿಸಿದರೆ ಮೀಟರಿನಲ್ಲಿ ಸುರುಳಿಯ ಗುರುತಿನ ಹಳದಿ ದೀಪ ಹತ್ತುತ್ತದೆ. ಅದು ಆರುವವರೆಗೆ ಕಾಯಬೇಕು, ಒಳಗೆ ಸಿಲಿಂಡರ್ ಬೆಚ್ಚಗೆ ಮಾಡುವ ಐದು ಗ್ಲೋ ಪ್ಲಗ್ ಬಿಸಿಯಾಗುತ್ತಿರುತ್ತವೆ. ಡಿಸೆಂಬರ್ ಚಳಿಯಲ್ಲಿ ಸ್ವಲ್ಪ ಜಾಸ್ತಿ ಹೊತ್ತು. ಆಮೇಲೆ ಸ್ಟಾರ್ಟ್ ಆಗುವ ಆ ಸದ್ದು ಇದೆಯಲ್ಲ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮೆಷಿನ್ ಹತ್ತಿರ ಬೆಳೆದ ನನಗೆ ಅದು ತುಂಬಾ ಇಷ್ಟ.

ಮಳೆಯಲ್ಲಿ ಓಡಿಸಲು ಇದಕ್ಕಿಂತ ಒಳ್ಳೇ ಕಾರು ನಾನು ಕಂಡಿಲ್ಲ. ಇದಕ್ಕೆ ಇರುವುದು ಒಂದೇ ವೈಪರ್. ಗಾಜಿನ ನಡುವೆ ಒಂಟಿ ತೋಳು. ಅದು ಬರೀ ಅರ್ಧಚಂದ್ರ ಬರೆದು ಸುಮ್ಮನಾಗುವುದಿಲ್ಲ, ಮೂಲೆ ಹತ್ತಿರ ಬಂದಾಗ ತೋಳು ಉದ್ದಕ್ಕೆ ಚಾಚಿಕೊಂಡು ಮೂಲೆಯ ನೀರನ್ನೂ ಎಳೆದು ತರುತ್ತದೆ, ನಡುವೆ ಬಂದಾಗ ಮತ್ತೆ ಒಳಗೆ ಸೇರುತ್ತದೆ. ಗಾಜಿನ ಶೇ 86 ಭಾಗ ಒರೆಸುವ ಹಾಗೆ ಮಾಡಿದ್ದಾರೆ. ಮೇಕೇರಿ ತಿರುವಿನಲ್ಲಿ ಮಂಜೂ ಮಳೆಯೂ ಒಟ್ಟಿಗೆ ಇಳಿದಾಗ ಇದರ ಬೆಲೆ ಗೊತ್ತಾಗುತ್ತದೆ.

ಮೊದಲ ವರ್ಷ ಇದೇ ವೈಪರ್ ಕೈಕೊಟ್ಟಿತು. ಜೋರು ಮಳೆ, ತೋಳು ನಡುವೆ ನಿಂತೇ ಹೋಯಿತು. ಒಂದು ಗ್ಯಾರೇಜಿನಲ್ಲಿ ಇಡೀ ಸೆಟ್ ಹೊಸದು ಹಾಕಬೇಕು ಅಂದರು, ಹೇಳಿದ ರೇಟಿಗೆ ಒಂದು ಹಳೇ ಸ್ಕೂಟರ್ ಬರುತ್ತಿತ್ತು. ನಾನು ನಮ್ಮ ಗಾಡಿ ರಿಪೇರಿ ಮೇಸ್ತ್ರಿ ಹತ್ತಿರ ಹೋದೆ. ಅವರು ಮುಚ್ಚಳ ಬಿಚ್ಚಿ ತೋರಿಸಿದರು. ಇಪ್ಪತ್ತು ವರ್ಷದ ಹಿಂದಿನ ಗ್ರೀಸ್ ಒಣಗಿ ಹಳೇ ಬೆಲ್ಲದ ಹಾಗೆ ಗಟ್ಟಿಯಾಗಿತ್ತು. ಉಗುರಿನಲ್ಲಿ ಕೆರೆದರೆ ಚೂರು ಚೂರು ಬಂತು. "ಪಾರ್ಟ್ ಏನೂ ಹೋಗಿಲ್ಲ ಸಾರ್, ಇದು ಉಪವಾಸ ಇದೆ ಅಷ್ಟೇ" ಅಂದರು. ಡೀಸೆಲ್‌ನಲ್ಲಿ ತೊಳೆದು ಹೊಸ ಗ್ರೀಸ್ ತುಂಬಿದರು. ಇವತ್ತಿನವರೆಗೂ ತೊಂದರೆ ಇಲ್ಲ.

ಇನ್ನೊಂದು ಸಲ ಗೋಣಿಕೊಪ್ಪದಲ್ಲಿ, ಸಂತೆ ದಿನ, ಕೀ ತೆಗೆದೆ, ಎಂಜಿನ್ ನಿಲ್ಲಲೇ ಇಲ್ಲ. ಕೀ ನನ್ನ ಕೈಯಲ್ಲಿದೆ, ಗಾಡಿ ಓಡುತ್ತಲೇ ಇದೆ! ಈ ಡೀಸೆಲ್ ಎಂಜಿನ್ ನಿಲ್ಲುವುದು ಗಾಳಿ ಎಳೆದುಕೊಳ್ಳುವ ಸೆಳೆತದಿಂದ, ಅಂದರೆ ವ್ಯಾಕ್ಯೂಮ್‌ನಿಂದ. ಕೀ ತಿರುಗಿಸಿದಾಗ ಒಂದು ತೆಳು ಪೈಪಿನಲ್ಲಿ ವ್ಯಾಕ್ಯೂಮ್ ಹೋಗಿ ಪಂಪಿನ ಡೀಸೆಲ್ ನಿಲ್ಲಿಸುತ್ತದೆ. ಆ ಪೈಪಿನ ತುದಿಯ ರಬ್ಬರ್ ಬಿರುಕು ಬಿಟ್ಟಿತ್ತು. ಬಾನೆಟ್ ಎತ್ತಿ, ಎಂಜಿನ್ ಪಕ್ಕದ ಸ್ಟಾಪ್ ಲಿವರ್ ಒತ್ತಿದೆ, ನಿಂತಿತು. ಬದಲಿಸಿದ್ದು ಹೆಬ್ಬೆರಳಿನಷ್ಟು ರಬ್ಬರ್. ದಿನಾ ಓಡಿಸುವವರಿಗೆ ಇಂಥದ್ದು ಬೇಗ ಗೊತ್ತಾಗುತ್ತದೆ, ಸದ್ದು ಸ್ವಲ್ಪ ಬದಲಾದರೂ ಕಿವಿ ಹಿಡಿಯುತ್ತದೆ. ವರ್ಷಕ್ಕೊಮ್ಮೆ ತೆಗೆಯುವವರಿಗೆ ಹತ್ತು ತೊಂದರೆ ಒಟ್ಟಿಗೆ ಬರುತ್ತವೆ.

ಕಷ್ಟಗಳೂ ಇವೆ, ಮುಚ್ಚಿಡುವುದಿಲ್ಲ. ಹ್ಯಾಂಡ್ ಬ್ರೇಕ್ ಇದರಲ್ಲಿ ಕಾಲಿನಲ್ಲಿ ಒತ್ತುವುದು, ಬಿಡಿಸಲು ಡ್ಯಾಶ್‌ಬೋರ್ಡಿನ ಹಿಡಿ ಎಳೆಯಬೇಕು. ಮಡಿಕೇರಿಯ ಏರಿನಲ್ಲಿ, ಹಿಂದೆ ಬಸ್ಸು ಅಂಟಿಕೊಂಡು ನಿಂತಾಗ, ಕ್ಲಚ್ಚಿಗೂ ಅದಕ್ಕೂ ಎಡಗಾಲು ಒಂದೇ. ರೂಢಿಯಾಗಲು ಮೂರು ತಿಂಗಳು ಹಿಡಿಯಿತು. ತೋಟದ ಮಣ್ಣು ರಸ್ತೆಗೆ ಇಳಿಸುವುದಿಲ್ಲ, ಅದಕ್ಕೆ ಪಿಕಪ್ ಇದೆ. ಬೀಡಿಂಗ್, ಲೈಟಿನ ಗಾಜು ಇಂಥ ಸಣ್ಣ ಸಾಮಾನಿಗೆ ತಿಂಗಳುಗಟ್ಟಲೆ ಕಾಯಬೇಕು. ಟೈರಿನ ಚಿಂತೆ ಮಾತ್ರ ಇಲ್ಲ, 195/65 ಆರ್15 ಕುಶಾಲನಗರದಲ್ಲೇ ಸಿಗುತ್ತದೆ. ಮೈಲೇಜ್ ನನಗೆ 12ರ ಹತ್ತಿರ ಬರುತ್ತದೆ. 15 ವರ್ಷ ದಾಟಿದ್ದರಿಂದ ಐದು ವರ್ಷಕ್ಕೊಮ್ಮೆ ಆರ್‌ಸಿ ರಿನ್ಯೂವಲ್, ಜೊತೆಗೆ ಗ್ರೀನ್ ಟ್ಯಾಕ್ಸ್. 50 ವರ್ಷ ದಾಟಿಸಿ ವಿಂಟೇಜ್ ನೋಂದಣಿ ಮಾಡಿಸಿದರೆ ಆಮೇಲೆ ದಿನಬಳಕೆಗೆ ಓಡಿಸುವಂತಿಲ್ಲ. ಆ ಬೋರ್ಡು ನನಗೆ ಬೇಡ.

ನಿಮ್ಮ ಮನೆಯ ಶೆಡ್ಡಿನಲ್ಲೂ ಅಪ್ಪನದ್ದೋ ಅಜ್ಜನದ್ದೋ ಇಂಥ ಒಂದು ಗಾಡಿ ನಿಂತಿದ್ದರೆ, ದಯವಿಟ್ಟು ಆಸೆಗೆ ಬಿದ್ದು ಹೊಸ ಬ್ಯಾಟರಿ ಹಾಕಿ ಒಮ್ಮೆಲೇ ಸ್ಟಾರ್ಟ್ ಮಾಡಬೇಡಿ. ಮೊದಲು ಇಲಿ ಕಡಿದ ವಯರ್ ನೋಡಿ. ಟ್ಯಾಂಕಿನ ಹಳೇ ಡೀಸೆಲ್ ಪೂರ್ತಿ ಇಳಿಸಿ ಫಿಲ್ಟರ್ ಬದಲಿಸಿ. ಎಂಜಿನ್ ಆಯಿಲ್, ಬ್ರೇಕ್ ಆಯಿಲ್ ಹೊಸದು ಹಾಕಿಸಿ, ನಾಲ್ಕು ಚಕ್ರ ಬಿಚ್ಚಿಸಿ ಬ್ರೇಕ್ ಪ್ಯಾಡನ್ನು ಒತ್ತುವ ಕ್ಯಾಲಿಪರ್ ನೋಡಿಸಿ. ಟೈರಿನಲ್ಲಿ ಗಾಳಿ ನಿಂತರೂ ಪಕ್ಕದ ಬಿರುಕು ನೋಡದೆ ರಸ್ತೆಗೆ ಇಳಿಸಬೇಡಿ. ಬ್ಯಾಟರಿ ಇದೆಲ್ಲ ಆದ ಮೇಲೆ.